ಎತ್ತರ ಮೊದಲು, ಶಾಕ್ ಆಮೇಲೆ

ಥಾರ್ ಅಥವಾ ಜಿಮ್ನಿ ಕೊಂಡವರು ಅದನ್ನು ಎತ್ತರಿಸುವ ಕ್ರಮ ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಒಂದೇ. ಮೊದಲು ದಪ್ಪ ಟೈರಿನ ಮೇಲೆ ಮನಸ್ಸಾಗುತ್ತದೆ. ಅದು ಮಡ್‌ಗಾರ್ಡಿಗೆ ಉಜ್ಜುತ್ತದೆ ಎಂದು ಗೊತ್ತಾದ ಮೇಲೆ ಎರಡಿಂಚು ಲಿಫ್ಟ್. ಲಿಫ್ಟಿಗೆ ಸ್ಪೇಸರ್ ಸಾಕೋ, ಸ್ಪ್ರಿಂಗೇ ಬೇಕೋ ಎಂದು ವಾರಗಟ್ಟಲೆ ಚರ್ಚೆ. ಇಷ್ಟೆಲ್ಲ ಮುಗಿದು ಕೈಯಲ್ಲಿ ದುಡ್ಡು ಉಳಿದಿದ್ದರೆ ಶಾಕ್ ಅಬ್ಸಾರ್ಬರ್. ಅದೂ ಬಣ್ಣ, ಬ್ರ್ಯಾಂಡು ನೋಡಿ. ಆಮೇಲೆ ಗಾಡಿ ಎತ್ತೆತ್ತಿ ಹಾಕತೊಡಗಿದರೆ "ಆಫ್‌ರೋಡರ್ ಅಂದ್ಮೇಲೆ ಇದ್ದಿದ್ದೇ ಗುರು" ಎಂಬ ಸಮಾಧಾನ. ಈ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಎತ್ತರಿಸಿದ ಗಾಡಿ ಕುಲುಕಲೇಬೇಕೆಂಬ ನಿಯಮವೇನಿಲ್ಲ. ಕುಲುಕಾಟದ ಬಹುಪಾಲು ಹುಟ್ಟುವುದೇ ಈ ತಲೆಕೆಳಗಾದ ಕ್ರಮದಲ್ಲಿ. ಶಾಕ್ ಯಾವುದು, ಅದರ ಉದ್ದವೆಷ್ಟು ಎಂಬುದು ಮೊದಲು ತೀರ್ಮಾನವಾಗಿ, ಗಾಡಿ ಎಷ್ಟು ಏರಬಹುದು ಎಂಬುದನ್ನು ಅದು ಹೇಳಬೇಕು.

ಇದನ್ನು ಪರೀಕ್ಷಿಸಲು ಸಕಲೇಶಪುರದ ಕೆಸರಿಗೋ ಬಿಸಿಲೆ ಘಾಟಿಗೋ ಹೋಗಬೇಕಿಲ್ಲ, ಟಿನ್ ಫ್ಯಾಕ್ಟರಿ ಸಾಕು. ಹಳೇ ಮದ್ರಾಸ್ ರಸ್ತೆಗೆ ಹೊರವರ್ತುಲ ರಸ್ತೆ ಬಂದು ಸೇರುವ ಈ ಜಾಗದಲ್ಲಿ ಸಸ್ಪೆನ್ಷನ್ನಿನ ಪರೀಕ್ಷೆಗೆ ಬೇಕಾದದ್ದೆಲ್ಲ ಒಂದೆರಡು ಕಿಲೋಮೀಟರಿನೊಳಗೆ ಸಿಗುತ್ತದೆ. ತಲೆಯ ಮೇಲಿನ ನೇರಳೆ ಮೆಟ್ರೊದಲ್ಲಿ ಬಹುಕಾಲ ಬಾಕಿ ಉಳಿದಿದ್ದ ಬೈಯಪ್ಪನಹಳ್ಳಿ–ಕೆ.ಆರ್. ಪುರ ತುಂಡು 2023ರ ಅಕ್ಟೋಬರಿನಲ್ಲಿ ಕೂಡಿಕೊಂಡಿತು. ಸಿಲ್ಕ್ ಬೋರ್ಡಿನಿಂದ ಬರುವ ನೀಲಿ ಮಾರ್ಗದ ಕಾಮಗಾರಿ ವರ್ತುಲ ರಸ್ತೆಯನ್ನು ವರ್ಷಗಳ ಕಾಲ ಅಗೆದು ಮುಚ್ಚಿದೆ. ಕೆಳಗೆ ತೇಪೆಯ ಮೇಲೆ ತೇಪೆ, ರಸ್ತೆಗಿಂತ ತಗ್ಗಿಗೆ ಇಳಿದ ಮ್ಯಾನ್‌ಹೋಲ್ ಮುಚ್ಚಳ, ಹ್ಯಾಂಗಿಂಗ್ ಬ್ರಿಡ್ಜಿನ ಸಂದುಗಳು, ಕೋಲಾರ, ಮುಳಬಾಗಿಲಿನ ಜನರನ್ನು ಹತ್ತಿಸಿಕೊಳ್ಳಲು ಎಡಕ್ಕೆ ನುಗ್ಗುವ ಬಸ್ಸಿಗೆ ಹೆದರಿ ಹಾಕುವ ದಿಢೀರ್ ಬ್ರೇಕು. ಎತ್ತರಿಸಿದ ಗಾಡಿಗಳಲ್ಲಿ ಹೆಚ್ಚಿನವು ವರ್ಷದ ಬಹುಪಾಲು ಓಡುವುದು ಇಂಥ ರಸ್ತೆಯ ಮೇಲೆಯೇ. ಅವುಗಳ ಶಾಕ್ ಆರಿಸುವಾಗ ಮಾತ್ರ ಎಲ್ಲರ ಕಣ್ಣೆದುರು ಇರುವುದು ಮರುಭೂಮಿಯ ರ್‍ಯಾಲಿ.

ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಹೊರುವುದಿಲ್ಲ, ಸ್ಪ್ರಿಂಗ್ ನುಂಗಿದ ಏಟನ್ನು ಎಣ್ಣೆಯ ಮೂಲಕ ಬಿಸಿಯಾಗಿಸಿ ಕಳೆಯುತ್ತದೆ, ಅಷ್ಟೆ. ಅದರೊಳಗಿನ ಪಿಸ್ಟನ್ ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ನೂಕುತ್ತದೆ. ಎಷ್ಟು ವೇಗವಾಗಿ ನೂಕುತ್ತದೋ ಅಷ್ಟು ಪ್ರತಿರೋಧ. ಹಾಗಾಗಿ ಶಾಕಿಗೆ ಹಂಪಿನ ಎತ್ತರಕ್ಕಿಂತ ಚಕ್ರ ಅದನ್ನು ಏರುವ ವೇಗ ಮುಖ್ಯ. ಒಂದು ಲೆಕ್ಕ ಹಾಕಿ ನೋಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲೆಂದು ಮಾಡಿದ್ದು. ಆ ವೇಗದಲ್ಲಿ ಚಕ್ರ ಅದರ ನೆತ್ತಿಗೇರಲು ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಅಂದರೆ ಸೆಕೆಂಡಿಗೆ ಸರಾಸರಿ 37 ಸೆಂಟಿಮೀಟರ್ ಏರಿಕೆ. ಅಪಾರ್ಟ್‌ಮೆಂಟಿನ ಗೇಟಿನೆದುರು ಬೋಲ್ಟ್ ಹೊಡೆದು ಕೂರಿಸಿದ ಹಳದಿ-ಕಪ್ಪು ರಬ್ಬರ್ ಪಟ್ಟಿಯನ್ನು ತೆಗೆದುಕೊಳ್ಳಿ: 35 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರ ಎಂದಿಟ್ಟುಕೊಳ್ಳೋಣ. ಅದೇ 25ರ ವೇಗದಲ್ಲಿ ಏರಿಕೆ ಸೆಕೆಂಡಿಗೆ ಸುಮಾರು ಎರಡು ಮೀಟರ್. ಎತ್ತರ ಅರ್ಧ, ವೇಗ ಐದು ಪಟ್ಟು. ಟೈರು ತನ್ನ ಪಾಲನ್ನು ನುಂಗುತ್ತದೆ, ನಿಜ. ಆದರೂ ಮೊದಲ ಹಂಪಿನಲ್ಲಿ ಹಿತವೆನಿಸಿದ ಶಾಕ್ ಎರಡನೆಯದರಲ್ಲಿ ಬೆನ್ನಿಗೆ ಗುದ್ದುವುದು ಏಕೆಂದು ಈ ಲೆಕ್ಕ ಹೇಳುತ್ತದೆ.

ಒಳ್ಳೆಯ ಶಾಕಿನ ಗುಣ ಅಡಗಿರುವುದು ಇಲ್ಲಿ. ಪಿಸ್ಟನ್ ನಿಧಾನ ಚಲಿಸುವಾಗ, ಎಂದರೆ ಬ್ರೇಕು ಹಾಕಿದಾಗ, ತಿರುವಿನಲ್ಲಿ ವಾಲುವಾಗ, ಅದು ಬಿಗಿಯಾಗಿರಬೇಕು. ವೇಗ ಒಂದು ಮಿತಿ ದಾಟಿದ ಕೂಡಲೇ ಒಳಗಿನ ತೆಳು ಉಕ್ಕಿನ ಬಿಲ್ಲೆಗಳು ಬಾಗಿ ಎಣ್ಣೆಗೆ ದಾರಿ ಬಿಡಬೇಕು. 'ಹೆವಿ ಡ್ಯೂಟಿ' ಎಂಬ ಚೀಟಿ ಹೊತ್ತು ಬರುವ ಅಗ್ಗದ ಶಾಕುಗಳಲ್ಲಿ ಹಲವಕ್ಕೆ ಈ ವಿವೇಕ ಇರುವುದಿಲ್ಲ. ಅವು ಎಲ್ಲ ವೇಗಕ್ಕೂ ಒಂದೇ ಸಮ ಬಿಗಿ. ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿ "ಸಖತ್ ಗಟ್ಟಿ ಇದೆ" ಎಂದು ಕೊಳ್ಳುವವರು ಕೈಯ ವೇಗವನ್ನಷ್ಟೇ ಪರೀಕ್ಷಿಸಿರುತ್ತಾರೆ, ಗುಂಡಿಯ ವೇಗವನ್ನಲ್ಲ.

ಇನ್ನು ಉದ್ದದ ವಿಷಯ. ಹೆಚ್ಚಿನ ಲಿಫ್ಟುಗಳು ಕೆಡುವುದೇ ಇಲ್ಲಿ, ಹಾಗಾಗಿ ಸ್ವಲ್ಪ ನಿಂತು ನೋಡುವುದು ಒಳ್ಳೆಯದು. 2020ರ ಥಾರಿನ ಮುಂಭಾಗದಲ್ಲಿ ಎರಡೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್; ಸ್ಪ್ರಿಂಗು ಶಾಕನ್ನು ಸುತ್ತಿಕೊಂಡಿರುತ್ತದೆ. ಇದನ್ನು ಸ್ಪೇಸರಿನಿಂದ ಎತ್ತರಿಸಲು ಎರಡು ದಾರಿ. ಸ್ಪ್ರಿಂಗಿನ ಕೂರುಮಣೆಯ ಮೇಲೆ ಬಿಲ್ಲೆ ಇಟ್ಟರೆ ಗಾಡಿ ಏರುತ್ತದೆ, ಶಾಕ್ ಮಾತ್ರ ಹಳೆಯ ಉದ್ದದ್ದೇ. ನಿಂತಲ್ಲೇ ಅದು ಮುಕ್ಕಾಲು ಪಾಲು ಚಾಚಿಕೊಂಡಿರುತ್ತದೆ. ಚಕ್ರ ಗುಂಡಿಗೆ ಇಳಿಯಲು ಹೊರಟಾಗ ಶಾಕ್ ಪೂರ್ತಿ ಎಳೆದು "ಟಕ್" ಎನ್ನುತ್ತದೆ, ಗಾಡಿಯ ಮೂತಿ ಗುಂಡಿಗೆ ಬೀಳುತ್ತದೆ. ಎರಡನೆಯ ದಾರಿ, ಇಡೀ ಜೋಡಣೆಯ ನೆತ್ತಿಯ ಮೇಲೆ ಬಿಲ್ಲೆ ಇಡುವುದು. ಆಗ ಚಕ್ರ ಮೊದಲಿಗಿಂತ ಕೆಳಗೆ ಜೋತಾಡಿ ಆಕ್ಸೆಲ್ಲಿನ ಕೀಲುಗಳು ವಿಪರೀತ ಕೋನಕ್ಕೆ ಹೋಗುತ್ತವೆ. ಮೇಲಕ್ಕೆ ಒತ್ತಿದಾಗ ರಬ್ಬರಿನ ಬಂಪ್‌ಸ್ಟಾಪ್ ಮುಟ್ಟುವ ಮುಂಚೆಯೇ ಶಾಕಿನ ಒಳಗೆ ಲೋಹಕ್ಕೆ ಲೋಹ ಬಡಿಯಬಹುದು. ಮೊದಲನೆಯದು ಸವಾರಿ ಕೆಡಿಸುತ್ತದೆ, ಎರಡನೆಯದು ಗಾಡಿಯನ್ನೇ ಕೆಡಿಸುತ್ತದೆ. ಎರಡೂ ಅಗ್ಗ. ಕೊಳ್ಳುವವರಿಗೆ ಇವುಗಳ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವ ಗ್ಯಾರೇಜು ವಿರಳ.

ಬಲ್ಲ ಮೆಕ್ಯಾನಿಕ್ ಇದಕ್ಕೆ ಪುಸ್ತಕ ತೆರೆಯುವುದಿಲ್ಲ, ಟೇಪು ತೆಗೆಯುತ್ತಾನೆ. ಗಾಡಿ ಸಮತಟ್ಟು ನೆಲದಲ್ಲಿ ತನ್ನ ಭಾರದಲ್ಲಿ ನಿಂತಿರುವಾಗ ಶಾಕಿನ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿನವರೆಗೆ ಒಂದು ಅಳತೆ. ಚಾಸಿಗೆ ಜ್ಯಾಕ್ ಕೊಟ್ಟು ಚಕ್ರ ಜೋತುಬಿದ್ದಾಗ ಇನ್ನೊಂದು. ಮೂರನೆಯದು ಸ್ವಲ್ಪ ತೊಡಕಿನದು: ಸ್ಪ್ರಿಂಗ್ ಬಿಚ್ಚಿ, ಆಕ್ಸೆಲ್ಲನ್ನು ಬಂಪ್‌ಸ್ಟಾಪಿಗೆ ತಾಗುವವರೆಗೆ ಎತ್ತಿ ಅಳೆಯಬೇಕು. ಹೊಸ ಶಾಕಿನ ಕುಗ್ಗಿದ ಉದ್ದ ಈ ಮೂರನೆಯ ಅಳತೆಗಿಂತ ಕಡಿಮೆ ಇರಬೇಕು. ಚಾಚಿದ ಉದ್ದ ಬ್ರೇಕಿನ ಹೋಸು ಎಳೆಯದಷ್ಟೇ ಇರಬೇಕು. ನಿಂತ ಸ್ಥಿತಿಯಲ್ಲಿ ಪಿಸ್ಟನ್ ಹೆಚ್ಚುಕಡಿಮೆ ನಡುವೆ ಬಂದರೆ ಉತ್ತಮ. ಅರ್ಧ ಗಂಟೆ ಹೆಚ್ಚು ಹಿಡಿಸುವ ಈ ಮೂರನೆಯ ಅಳತೆಯನ್ನು ಬಿಟ್ಟುಬಿಡುವ ಕಡೆ ಕಿಟ್ ಎಷ್ಟೇ ದುಬಾರಿಯಿದ್ದರೂ ನಾನು ಕೆಲಸ ಕೊಡುವುದಿಲ್ಲ.

ಬಗೆಗಳಿಗೆ ಬಂದರೆ, ಈಗ ಹೆಚ್ಚು ಹೆಸರು ಮಾಡಿರುವುದು ಮೋನೋಟ್ಯೂಬ್. ಫ್ರಾನ್ಸಿನ ದ ಕಾರ್ಬನ್ ರೂಪಿಸಿದ ಈ ವಿನ್ಯಾಸವನ್ನು ಜರ್ಮನಿಯ ಬಿಲ್‌ಸ್ಟೈನ್ 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಕೊಟ್ಟಿತು. ಒಂದೇ ಕೊಳವೆ, ಎಣ್ಣೆಗೂ ಒತ್ತಡದ ನೈಟ್ರೋಜನ್ನಿಗೂ ನಡುವೆ ತೇಲುವ ಪಿಸ್ಟನ್. ಎಣ್ಣೆಯಲ್ಲಿ ಗುಳ್ಳೆ ಏಳುವುದಿಲ್ಲ, ಬಿಸಿ ಬೇಗ ಆರುತ್ತದೆ, ಹೆದ್ದಾರಿಯಲ್ಲಿ ಗಾಡಿ ಗೆರೆ ಹಿಡಿದಂತೆ ಓಡುತ್ತದೆ. ಕೋಲಾರದ ಕಡೆ ವಾರವಾರ ಓಡುವವರಿಗೆ ಇದು ಇಷ್ಟವಾಗುವುದು ಸಹಜ. ಆದರೆ ಅನಿಲದ ಒತ್ತಡ ಪಿಸ್ಟನ್ನಿನ ಕಡ್ಡಿಯನ್ನು ಸದಾ ಹೊರಗೆ ನೂಕುತ್ತಿರುವುದರಿಂದ ಸಣ್ಣ ಸಣ್ಣ ಒರಟು ಸೀಟಿನವರೆಗೂ ಬರುತ್ತದೆ. ಇರುವ ಒಂದೇ ಕೊಳವೆಗೆ ಕಲ್ಲು ಬಡಿದು ತಗ್ಗಾದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಜೋಡಿ ಕೊಳವೆಯದು ಹಳೆಯ ಬಗೆ, ಕೆಳದರ್ಜೆಯದು ಎಂಬ ಮಾತು ಚಾಲ್ತಿಯಲ್ಲಿದೆ. ನನ್ನ ಅಭಿಪ್ರಾಯ ಬೇರೆ. ಹೊರಗಿನ ಕೊಳವೆಗೆ ಏಟು ಬಿದ್ದರೂ ಒಳಗಿನದು ಉಳಿಯುತ್ತದೆ, ಸಣ್ಣ ಏರುಪೇರಿಗೆ ಅದು ಮೃದು. ಅದರ ನಿಜವಾದ ದೋಷ ಬಿಸಿಯಾದಾಗ ಎಣ್ಣೆ ಗಾಳಿಯೊಂದಿಗೆ ಕಲಸಿ ನೊರೆಯಾಗುವುದು. ಹೊರಕೊಳವೆಯಲ್ಲಿ ಅನಿಲದ ಜಾಗಕ್ಕೆ ಸ್ಪಂಜಿನಂಥ ಫೋಮ್ ತುಂಬಿ ಇದನ್ನು ಬಹುಮಟ್ಟಿಗೆ ತಡೆಯುತ್ತಾರೆ. ಆಸ್ಟ್ರೇಲಿಯದ ಐರನ್‌ಮ್ಯಾನ್, ಟಫ್ ಡಾಗ್ ಕಂಪನಿಗಳು ಮಾರುವ ಫೋಮ್ ಸೆಲ್ ಎಂದರೆ ಇದೇ. ಟಿನ್ ಫ್ಯಾಕ್ಟರಿಯಲ್ಲಿ ತೆವಳುವ ಗಾಡಿಗೆ ಶಾಕ್ ಕುದಿಯುವ ಪ್ರಸಂಗವೇ ಬರುವುದಿಲ್ಲ. ಅಲ್ಲಿ ಬೇಕಿರುವುದು ನಯ. ತಿಂಗಳಿಗೊಮ್ಮೆ ಮಲೆನಾಡಿನ ಕಲ್ಲುದಾರಿಗೆ ಹೋದರೂ ಫೋಮ್ ತಾಳಿಕೊಳ್ಳುತ್ತದೆ. ಪಕ್ಕದಲ್ಲಿ ಎಣ್ಣೆಯ ಬುಡ್ಡಿ ನೇತುಹಾಕಿಕೊಂಡ ರಿಮೋಟ್ ರಿಸರ್ವಾಯರ್ ಶಾಕುಗಳು ಮರಳಿನ ಮೇಲೆ ಗಂಟೆಗಟ್ಟಲೆ ನಾಗಾಲೋಟ ಓಡುವವರಿಗಾಗಿ ಹುಟ್ಟಿದವು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಅವು ಒಡವೆ.

ತಿರುಪು ತಿರುಗಿಸಿ ಬಿಗಿ ಬದಲಿಸುವ ಶಾಕುಗಳ ಬಗ್ಗೆ ನನಗೆ ಅರೆಮನಸ್ಸು. ಟಫ್ ಡಾಗಿನದಕ್ಕೆ ಒಂಬತ್ತು ಹಂತಗಳಿವೆ. ಹಿಂದೆ ಸಾಮಾನು ತುಂಬಿದಾಗ ಎರಡು ಹಂತ ಏರಿಸಿ, ಖಾಲಿಯಾದಾಗ ಇಳಿಸುವವರಿಗೆ ಅದು ಉಪಯುಕ್ತ. ಆದರೆ ಹೆಚ್ಚಿನವರು ಮೊದಲ ವಾರ ತಿರುಗಿಸಿ ಆಡಿ, ಆಮೇಲೆ ಬಿಗಿಯ ಕಡೆಯೇ ಬಿಟ್ಟುಬಿಡುತ್ತಾರೆ. ಶಾಕ್ ಮರಳಿ ಚಾಚುವುದಕ್ಕೆ ಅತಿ ಬಿಗಿಯಾದರೆ ಇನ್ನೊಂದು ತೊಂದರೆ: ಸಾಲುಗುಂಡಿಗಳಲ್ಲಿ ಒಂದರಿಂದ ಸ್ಪ್ರಿಂಗ್ ಚೇತರಿಸಿಕೊಳ್ಳುವ ಮೊದಲೇ ಮುಂದಿನದು ಬರುತ್ತದೆ. ಗಾಡಿ ಗುಂಡಿಯಿಂದ ಗುಂಡಿಗೆ ಕುಗ್ಗುತ್ತ ಹೋಗಿ ಬಂಪ್‌ಸ್ಟಾಪಿನ ಮೇಲೆ ಕೂರುತ್ತದೆ. ದುಡ್ಡು ಸುರಿದು ಕೊಂಡ ಎರಡಿಂಚು, ನೂರು ಮೀಟರು ಕೆಟ್ಟ ರಸ್ತೆಯಲ್ಲಿ ಮಾಯ.

ಹಳಬರು ಇಲ್ಲಿ ಜಿಪ್ಸಿಯ ಮಾತೆತ್ತುತ್ತಾರೆ: ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? 1985ರಲ್ಲಿ ಬಂದ ಜಿಪ್ಸಿಗೆ ಮುಂದೆ ಹಿಂದೆ ಕಮಾನು ಪಟ್ಟಿಗಳೇ. ಪಟ್ಟಿಗೆ ಪಟ್ಟಿ ಉಜ್ಜುವುದರಿಂದಲೇ ಅಲ್ಲಿ ಒಂದಿಷ್ಟು ತಡೆ ಹುಟ್ಟುತ್ತಿತ್ತು. ಶಾಕ್ ಸತ್ತುಹೋಗಿದ್ದರೂ ಗೊತ್ತಾಗುತ್ತಿರಲಿಲ್ಲ. ಕೊಡಗಿನ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಹಳೇ ಜೀಪುಗಳಲ್ಲಿ ಕೂತವರಿಗೆ ಇದರ ಅನುಭವವಿದೆ. ಹಿಂದೆ ಆರೆಂಟು ಜನ ತುಂಬಿದ್ದರೆ ಸವಾರಿ ಸಹನೀಯ, ಖಾಲಿ ಮರಳುವಾಗ ಎಲುಬು ಎಣಿಸಬಹುದು. ಥಾರ್, ಜಿಮ್ನಿಗಳ ಸುರುಳಿ ಸ್ಪ್ರಿಂಗಿಗೆ ಅಂಥ ಉಜ್ಜಾಟದ ನೆರವಿಲ್ಲ. ತಡೆಯೆಲ್ಲ ಶಾಕಿನಿಂದಲೇ ಬರಬೇಕು.

ಕಾರ್ಖಾನೆಯವರೂ ಸುಮ್ಮನೆ ಕೂತಿಲ್ಲ. 2022ರ ಸ್ಕಾರ್ಪಿಯೊ-ಎನ್, 2024ರ ಥಾರ್ ರಾಕ್ಸ್‌ಗಳಿಗೆ ಮಹೀಂದ್ರ ಕೊಟ್ಟಿರುವ ಶಾಕುಗಳು ಬೇಗಬೇಗ ಬರುವ ಸಣ್ಣ ಅಲುಗಾಟಕ್ಕೆ ಸಡಿಲವಾಗಿ, ನಿಧಾನದ ದೊಡ್ಡ ತೂಗಾಟಕ್ಕೆ ಬಿಗಿಯಾಗಿ ವರ್ತಿಸುತ್ತವೆ. ಈ ಗಾಡಿಗಳನ್ನು ಕೊಂಡ ತಿಂಗಳಲ್ಲೇ ಆ ಶಾಕು ಕಿತ್ತು ಸಾದಾ ಲಿಫ್ಟ್ ಕಿಟ್ ಹಾಕಿಸುವವರು ನಯಕ್ಕಾಗಿ ಕೊಟ್ಟ ದುಡ್ಡನ್ನು ಗುಜರಿಗೆ ಹಾಕಿದಂತೆ.

ಶಾಕಿನ ತಲೆಗೆ ಕಟ್ಟುವ ದೂರುಗಳಲ್ಲಿ ಕೆಲವು ಅದರವಲ್ಲ. ಒಂದೇ ಚಕ್ರ ಮ್ಯಾನ್‌ಹೋಲಿಗಿಳಿದಾಗ ತಲೆ ಕಿಟಕಿಯತ್ತ ಎಸೆದಂತಾಗುವುದು ಎತ್ತರ ಕೂತದ್ದರ ಫಲ. ಆಗ ಎರಡೂ ಕಡೆಯನ್ನು ಬೆಸೆಯುವ ಸ್ಟೆಬಿಲೈಸರ್ ಬಾರನ್ನು ಇನ್ನಷ್ಟು ದಪ್ಪ ಮಾಡಿಸಿದರೆ ಎಸೆತ ಹೆಚ್ಚುತ್ತದೆ. ಟೈರಿನದು ಇನ್ನೊಂದು. ದಪ್ಪ ಟೈರು, ಅಗಲ ರಿಮ್ಮು ಸೇರಿ ಚಕ್ರವೊಂದಕ್ಕೆ ಐದಾರು ಕೆ.ಜಿ. ಸುಲಭವಾಗಿ ಏರುತ್ತದೆ. ಆ ಭಾರ ಸ್ಪ್ರಿಂಗಿನ ಕೆಳಗೆ ಇರುವುದರಿಂದ ಪ್ರತಿ ಗುಂಡಿಯಲ್ಲೂ ಅದರ ನೆಗೆತವನ್ನು ಶಾಕೇ ಹಿಡಿಯಬೇಕು. ಹತ್ತು ಪದರದ ಟ್ರಕ್ ದರ್ಜೆಯ ಟೈರಿಗೆ ಬಂಕಿನಲ್ಲಿ 40 ಪೌಂಡ್ ಗಾಳಿ ತುಂಬಿಸಿಕೊಂಡು ಬಂದು "ಶಾಕ್ ಸರಿಯಿಲ್ಲ" ಎನ್ನುವವರಿಗೆ ಮೊದಲು ಗಾಳಿ ಇಳಿಸಲು ಹೇಳಬೇಕು, ಅದಕ್ಕೆ ಖರ್ಚೂ ಇಲ್ಲ.

ಕಾನೂನಿನ ಮಾತು ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ಹೊಂದದಂತಾಗುವ ಮಾರ್ಪಾಡನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಕೂಡ ಆಗಬಹುದು. ಲಿಫ್ಟ್ ಮಾರುವವರ ಬಾಯಲ್ಲಿ ಇದು ಬರುವುದು ಅಪರೂಪ. ಎತ್ತರ ಮುಟ್ಟದೆ ಅದೇ ಅಳತೆಯ ಉತ್ತಮ ಶಾಕ್ ಹಾಕಿಸುವುದಕ್ಕೆ ಈ ತಲೆನೋವು ಕಡಿಮೆ, ನಯದಲ್ಲಿ ಸಿಗುವ ಲಾಭ ಮಾತ್ರ ಬಹುಪಾಲು ಅಷ್ಟೇ.

ಎತ್ತರಿಸಲೇಬೇಕು ಎನ್ನುವವರಿಗೆ ನನ್ನ ಆಯ್ಕೆ: ಒಂದೂವರೆ ಇಂಚಿನೊಳಗಿನ ಲಿಫ್ಟ್, ಮುಂದೆ ವಿಂಚು, ಹಿಂದೆ ಸಾಮಾನು ಇಲ್ಲದಿದ್ದರೆ ಮೂಲದಷ್ಟೇ ಮೃದುವಾದ ಉದ್ದನೆಯ ಸ್ಪ್ರಿಂಗ್, ಆ ಸ್ಪ್ರಿಂಗಿಗೆಂದೇ ತಯಾರಕರು ಹೊಂದಿಸಿ ಕೊಡುವ ಫೋಮ್ ಸೆಲ್ ಶಾಕ್. ವಾರಕ್ಕೆ ನಾಲ್ಕು ದಿನ ಹೆದ್ದಾರಿ ಹಿಡಿಯುವವರಾದರೆ ಮೋನೋಟ್ಯೂಬ್. ಗ್ಯಾರೇಜು ಬಿಡುವ ಮುನ್ನ ಒಂದನ್ನು ಕಣ್ಣಾರೆ ನೋಡಿಕೊಳ್ಳಬೇಕು. ಶಾಕಿನ, ತೋಳುಗಳ ರಬ್ಬರ್ ಬುಷ್‌ಗಳ ಬೋಲ್ಟನ್ನು ಗಾಡಿ ಇನ್ನೂ ಜ್ಯಾಕಿನ ಮೇಲಿರುವಾಗ, ಚಕ್ರ ಜೋತಾಡುತ್ತಿರುವಾಗಲೇ ಪೂರ್ತಿ ಬಿಗಿದುಬಿಡುವುದು ರೂಢಿ. ಕೈಗೆ ಆಗ ಸಲೀಸು. ಗಾಡಿ ನೆಲಕ್ಕಿಳಿದಾಗ ಆ ರಬ್ಬರು ತಿರುಚಿಕೊಂಡು ತಾನೇ ಒಂದು ಸ್ಪ್ರಿಂಗಿನಂತೆ ವರ್ತಿಸುತ್ತದೆ, ಸವಾರಿ ಒರಟಾಗುತ್ತದೆ, ಕೆಲವು ತಿಂಗಳಲ್ಲಿ ಬುಷ್ ಹರಿಯುತ್ತದೆ. ಮೊದಲು ಕೈಬಿಗಿ ಮಾಡಿ, ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕು ಸಲ ಒತ್ತಿ ಕುಣಿಸಿ, ಅದರ ಭಾರ ಅದರ ಮೇಲೇ ಇರುವಾಗ ಕೆಳಗೆ ನುಸುಳಿ ಟಾರ್ಕ್ ರೆಂಚು ಹಾಕಿ ಬಿಗಿಯಬೇಕು. ಹೊಸ ಶಾಕ್ ಗಡಸು ಎಂದು ವಾಪಸು ಬರುವ ಗಾಡಿಗಳಲ್ಲಿ ಮೊದಲು ಸಡಿಲಿಸಿ ನೋಡಬೇಕಾದದ್ದು ಈ ಬೋಲ್ಟುಗಳನ್ನೇ.