ಲಾಠಿ ತಾನಾಗಿಯೇ ಬೀಸೂದಿಲ್ಲ

ಪೊಲೀಸ್ ಠಾಣೆಯೂ ಒಂದು ಬಗೆಯ ಸಾಹಿತ್ಯವನ್ನು ಬರೆಯುತ್ತದೆ. ಕವನ, ಕಾದಂಬರಿಗಳನ್ನು ತೂಗುತ್ತ ಕೂತ ನಮ್ಮ ವಿದ್ವಾಂಸರ ಕಣ್ಣಿಗೆ ಇದು ಬಿದ್ದಿಲ್ಲ. ಆದರೆ ಕೇರಿಯ ಮಂದಿಯ ಬದುಕನ್ನು ಈ ಬರಹ ಬುಡಮೇಲು ಮಾಡಿದಷ್ಟು ಯಾವ ಕಾದಂಬರಿಯೂ ಮಾಡಿಲ್ಲ. ಸ್ಟೇಷನ್ ಡೈರಿ, ಎಫ್‌ಐಆರ್, ಪಂಚನಾಮೆ, ಹೇಳಿಕೆ, ಹಿಂಬರಹ, ಬಿ ರಿಪೋರ್ಟು, ವರ್ಷದ ಕೊನೆಗೆ ಒಪ್ಪಿಸುವ ಅಪರಾಧಗಳ ಲೆಕ್ಕ, ಇವೆಲ್ಲ ಬರಹಗಳೇ. ಇವಕ್ಕೂ ಒಂದು ಶೈಲಿ ಇದೆ, ಒಂದು ದೃಷ್ಟಿ ಇದೆ, ಒಂದು ವರ್ಗದ ಹಿತ ಇದೆ. ಬರೆದವರು ಯಾರು, ಯಾರ ಸಲುವಾಗಿ ಬರೆದರು, ಯಾರನ್ನು ಬಿಟ್ಟು ಬರೆದರು ಎಂದು ಕೇಳುವುದೇ ವಿಮರ್ಶೆಯ ಕೆಲಸವಾದರೆ, ಆ ಕೆಲಸ ಠಾಣೆಯ ಬಾಗಿಲಿಗೂ ಬರಬೇಕು.

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯಂಥ ಸಣ್ಣ ಊರುಗಳ ಠಾಣೆಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಈ ಮಾತು ಆಡುತ್ತಿದ್ದೇವೆ. ಹುಬ್ಬಳ್ಳಿ-ಧಾರವಾಡಕ್ಕೆ ಕಮಿಷನರ್ ಬೇರೆ. ಈ ಠಾಣೆಗಳು ಜಿಲ್ಲೆಯ ಎಸ್‌ಪಿಯ ಕೈಕೆಳಗೆ ಬರುತ್ತವೆ. ಶಹರದ ಠಾಣೆಯ ಸುದ್ದಿ ದಿನಾ ಪೇಪರಿನಲ್ಲಿರುತ್ತದೆ. ಹಳ್ಳಿ ಕಡೆಯ ಠಾಣೆ ಸುದ್ದಿಯಾಗುವುದು ವರ್ಷದ ಲೆಕ್ಕ ಒಪ್ಪಿಸುವಾಗ, ಇಲ್ಲವೇ ಲಾಠಿ, ಗುಂಡು ನಡೆದಾಗ.

ಆ ಲೆಕ್ಕವನ್ನೇ ಮೊದಲು ಓದೋಣ. ಎಷ್ಟು ಕಳವು, ಎಷ್ಟು ಪತ್ತೆ, ಎಷ್ಟು ತೊಲೆ ಬಂಗಾರ, ಎಷ್ಟು ಬೈಕು, ಎಷ್ಟು ಮಟಕಾ ಕೇಸು, ಎಷ್ಟು ಇಸ್ಪೀಟಿನ ಅಡ್ಡೆ, ಎಷ್ಟು ದಂಡ. ಟೇಬಲ್ಲಿನ ಮೇಲೆ ಬಂಗಾರ ಹರವಿ, ಹಿಂದೆ ಅಧಿಕಾರಿಗಳು ಸಾಲಾಗಿ ನಿಂತ ಫೋಟೋ. ಬಂಗಾರ ಕಳಕೊಂಡವರಿಗೆ ಬಂಗಾರ ಸಿಗಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಬಂಗಾರವೇ ಇಲ್ಲದವನು ಏನನ್ನು ಕಳಕೊಳ್ಳುತ್ತಾನೆ? ದುಡಿದ ಕೂಲಿ, ಕುಡಿಯುವ ನೀರು, ನಡೆಯುವ ದಾರಿ, ಮನುಷ್ಯನೆಂಬ ಮರ್ಯಾದೆ. ಇವನ್ನು ಟೇಬಲ್ಲಿನ ಮೇಲೆ ಹರವಲಿಕ್ಕೆ ಬರುವುದಿಲ್ಲ. ಹಾಗಾಗಿ ಇವು ಲೆಕ್ಕಕ್ಕೂ ಬರುವುದಿಲ್ಲ.

'ನಮ್ಮ ಠಾಣೆಯೊಳಗ ಈ ವರ್ಷ ಜಾತಿ ಕೇಸು ಒಂದೂ ಇಲ್ಲ' ಎಂದು ಹೆಮ್ಮೆಯಿಂದ ಹೇಳುವುದುಂಟು. ಪರೀಕ್ಷೆಯನ್ನೇ ನಡೆಸದ ಸಾಲೆಯಲ್ಲಿ ಯಾರೂ ನಪಾಸಾಗುವುದಿಲ್ಲ, ಇದು ಮಾಸ್ತರರಿಗೆ ಗೊತ್ತಿದ್ದ ಮಾತು. ಸರ್ಕಾರದ ಅಪರಾಧ ದಾಖಲೆ ಬ್ಯೂರೋ ಪ್ರಕಾರ ದೇಶದಲ್ಲಿ ಪರಿಶಿಷ್ಟ ಜಾತಿಯವರ ಮೇಲಿನ ಅಪರಾಧಗಳು 2021ರಲ್ಲಿ 50,900, 2022ರಲ್ಲಿ 57,582. ಇವು ದಾಖಲಾದವು ಮಾತ್ರ. ದಾಖಲೆ ಏರಿದ ಮಾತ್ರಕ್ಕೆ ಅಪರಾಧ ಏರಿತು ಎಂದು ಓದಬೇಡಿ ಎಂದು ಆ ಬ್ಯೂರೋ ತಾನೇ ಎಚ್ಚರಿಸುತ್ತದೆ. ಆ ಮಾತನ್ನು ನಾವು ಮಗುಚಿ ಓದುತ್ತೇವೆ: ದಾಖಲೆ ಸೊನ್ನೆಯಾದ ಮಾತ್ರಕ್ಕೆ ಊರು ಸುಖವಾಗಿದೆ ಎಂದಲ್ಲ. ಅಲ್ಲಿ ಬಾಗಿಲು ಗಟ್ಟಿ ಇರಬಹುದು, ಅಥವಾ ಗೌಡರ ಮಾತು ಗಟ್ಟಿ ಇರಬಹುದು.

ಈಗ ಒಂದು ವರ್ಷವನ್ನು ತಗೊಂಡು ನೋಡೋಣ. ನಾವು ಆರಿಸಿಕೊಂಡದ್ದು 2016. ಈ ಭಾಗದ ಠಾಣೆ ಏನು, ಯಾರದು, ಯಾರ ಕೈಯಿಂದ ನಡೆಯುತ್ತದೆ ಎಂಬ ಮೂರೂ ಪ್ರಶ್ನೆಗೆ ಆ ಒಂದೇ ವರ್ಷ ಉತ್ತರ ಕೊಟ್ಟಿತು.

ವರ್ಷ ಶುರುವಾದದ್ದು ಒಳ್ಳೆಯ ಸುದ್ದಿಯಿಂದ. 1989ರ ದೌರ್ಜನ್ಯ ತಡೆ ಕಾಯ್ದೆಗೆ ಮಾಡಿದ ತಿದ್ದುಪಡಿ 2016ರ ಜನವರಿ 26ರಂದು ಜಾರಿಗೆ ಬಂತು. ತಲೆ ಬೋಳಿಸುವುದು, ಚಪ್ಪಲಿ ಹಾರ ಹಾಕುವುದು, ನೀರಾವರಿಯ ನೀರು ತಡೆಯುವುದು, ಬಹಿಷ್ಕಾರ ಹಾಕುವುದು, ಎಲ್ಲವೂ ಹೆಸರು ಹಿಡಿದು ಅಪರಾಧಗಳಾದವು. ನಮಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ನಾಲ್ಕನೇ ಕಲಮು. ಫಿರ್ಯಾದಿ ಬಾಯಲ್ಲಿ ಹೇಳಿದ್ದನ್ನು ಬರಕೊಳ್ಳಬೇಕು, ಬರೆದದ್ದನ್ನು ಅವನಿಗೆ ಓದಿ ಹೇಳಬೇಕು, ಆಮೇಲೆ ಸಹಿ ಪಡೆಯಬೇಕು, ನಕಲು ಕೊಡಬೇಕು, 60 ದಿನದೊಳಗೆ ಆರೋಪಪಟ್ಟಿ ಸಲ್ಲಿಸಬೇಕು. ಬೇಕಂತಲೇ ಈ ಕರ್ತವ್ಯ ತಪ್ಪಿಸಿದ, ಪರಿಶಿಷ್ಟನಲ್ಲದ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು. ಹೆಬ್ಬೆಟ್ಟು ಒತ್ತುವವನಿಗೆ ಓದಿ ಹೇಳಬೇಕು ಎಂದು ಕಾನೂನು ಬಾಯಿಬಿಟ್ಟು ಹೇಳಬೇಕಾಯಿತು ಅಂದರೆ, ಅಷ್ಟು ವರ್ಷ ನಮ್ಮ ಹಿರಿಯರು ಏನೇನಕ್ಕೆ ಹೆಬ್ಬೆಟ್ಟು ಒತ್ತಿರಬೇಕು!

ಕಾಗದದ ಮೇಲೆ ಕಾನೂನು ಹಾಗಿದೆ. ಠಾಣೆಯ ಕಟ್ಟೆಯ ಮೇಲೆ ನಡೆಯುವುದು ಬೇರೆ. ಕೇರಿಯ ಹುಡುಗ ಹೊಡೆಸಿಕೊಂಡು ಬಂದ ಅನ್ನಿ. ಮೊದಲ ದಿನ, 'ಫೌಜದಾರ್ ಸಾಹೇಬ್ರು ಬಂದೋಬಸ್ತಿಗೆ ಹೋಗ್ಯಾರ, ನಾಳೆ ಬಾ.' ಎರಡನೆಯ ದಿನ ಬಂದರೆ ಊರಿನ ಹಿರಿಯರು ಅವನಿಗಿಂತ ಮೊದಲು ಬಂದು ಕುರ್ಚಿ ಮೇಲೆ ಕೂತಿರುತ್ತಾರೆ. 'ಒಂದ ಊರಾಗ ಇರಾವ್ರು, ಕೋರ್ಟು ಕಚೇರಿ ಯಾಕ ಬೇಕೋ ತಮ್ಮಾ? ನಾಳೆ ಕೂಲಿಗೆ ಯಾರ ಹೊಲಕ್ಕ ಹೋಗಾಂವ?' ಮೂರನೆಯ ದಿನ ಅವನ ಮೇಲೆಯೇ ಒಂದು ಪ್ರತಿದೂರು ತಯಾರಾಗಿರುತ್ತದೆ. ಆಮೇಲೆ ರಾಜಿ. ರಾಜಿಗೆ ಒಪ್ಪದಿದ್ದರೆ ಬರೀ ಹೊಡೆದಾಟದ ಕೇಸು, ಜಾತಿಯ ಮಾತು ಎಲ್ಲೂ ಇಲ್ಲ. ಅದನ್ನೂ ದಾಟಿ ಹೋದರೆ ಸಾಕ್ಷಿ ಸಿಗಲಿಲ್ಲವೆಂದು ಬಿ ರಿಪೋರ್ಟು. ಹೀಗೆ ಸೊನ್ನೆ ಎಂಬುದು ತಾನಾಗಿ ಹುಟ್ಟುವುದಿಲ್ಲ. ಮೂರು ದಿನ ಬೆವರು ಸುರಿಸಿ ಅದನ್ನು ಮಾಡುತ್ತಾರೆ. ಠಾಣೆಯ ವರ್ಷದ ದುಡಿಮೆಯಲ್ಲಿ ಇದೂ ಒಂದು ದುಡಿಮೆ. ವರದಿಯಲ್ಲಿ ಮಾತ್ರ ಇರುವುದಿಲ್ಲ.

ಬಂದೋಬಸ್ತ್ ಎಂಬ ಮಾತು ಪೂರಾ ಸುಳ್ಳೇನಲ್ಲ. ನವಲಗುಂದದ ಕಡೆಗೆ ನೋಡಿದರೆ ಹೋಳಿಗೆ ರಾಮಲಿಂಗ ಕಾಮಣ್ಣ, ಅದರ ಬೆನ್ನಿಗೆ ಯಮನೂರು ಜಾತ್ರೆ. ಮುಂದೆ ಗಣಪತಿ, ಮೊಹರಂ. ನಡುವೆ ಮಂತ್ರಿಗಳ ಭೇಟಿ, ಚುನಾವಣೆ, ಮುಷ್ಕರ. ಇದ್ದ ಬೆರಳೆಣಿಕೆಯ ಪೇದೆಗಳೇ ಎಲ್ಲಕ್ಕೂ ನಿಲ್ಲಬೇಕು. ಹಬ್ಬ ಊರಿಗೆ, ಕಾವಲು ಪೇದೆಗೆ. ವಾರದ ರಜೆ ಆದೇಶದಲ್ಲಿದ್ದರೂ ಕೈಗೆ ಸಿಗುವುದಿಲ್ಲ.

ಇಲ್ಲಿಗೆ 2016ರ ಎರಡನೆಯ ತಾರೀಖು ಬರುತ್ತದೆ. ಆ ವರ್ಷದ ಜೂನ್ 4ರಂದು ಒಟ್ಟಾಗಿ ರಜೆ ಹಾಕುತ್ತೇವೆ ಎಂದು ಕರ್ನಾಟಕದ ಪೊಲೀಸ್ ಪೇದೆಗಳು ಹೇಳಿದರು. ಅವರು ಕೇಳಿದ್ದು ಸರಿಯಾದ ಸಂಬಳ, ರಜೆ, ಮೇಲಧಿಕಾರಿಗಳ ಮನೆಗೆಲಸದಿಂದ ಬಿಡುಗಡೆ. ನಮ್ಮ ಕೂಲಿಕಾರರು ಗೌಡರ ಮುಂದೆ ಕೇಳುವುದಕ್ಕೂ ಇದಕ್ಕೂ ಏನು ಫರಕು? ಸರ್ಕಾರ ಕೊಟ್ಟ ಉತ್ತರವೂ ಗೌಡರ ಉತ್ತರವೇ. ಸಂಘಟನೆಯ ಮುಂದಾಳನ್ನು ರಾಜದ್ರೋಹದ ಆರೋಪದ ಮೇಲೆ ಬಂಧಿಸಿದರು, ಉಳಿದವರನ್ನು ಶಿಸ್ತುಕ್ರಮದ ಬೆದರಿಕೆಯಿಂದ ಸುಮ್ಮನಾಗಿಸಿದರು. ರಜೆ ಕೇಳುವುದು ರಾಜದ್ರೋಹವಾಯಿತು! ಮುಂದೆ ಔರಾದಕರ್ ಸಮಿತಿಯ ವರದಿಯ ಹೆಸರಿನಲ್ಲಿ 2019ರಲ್ಲಿ ಸಂಬಳ ಅಷ್ಟಿಷ್ಟು ಏರಿತು. ಸಂಘ ಕಟ್ಟುವ ಹಕ್ಕು ಮಾತ್ರ ಕೈಗೆ ಬರಲಿಲ್ಲ.

ಪೇದೆಗಳಲ್ಲಿ ಬಹಳ ಮಂದಿ ಸಣ್ಣ ರೈತರ, ಕೂಲಿಕಾರರ ಮಕ್ಕಳು. ಮೀಸಲಾತಿಯಿಂದ ಹೋದ ನಮ್ಮ ಕೇರಿಯ ಹುಡುಗರೂ ಆ ಖಾಕಿಯೊಳಗೆ ಇದ್ದಾರೆ. ಖಾಕಿ ಹಾಕಿದ ಕೂಡಲೇ ಜಾತಿ ಹೋಗುತ್ತದೆ ಎಂದು ಯಾರೂ ನಂಬಬೇಕಿಲ್ಲ. ಯಾರ ಅಡ್ಡಹೆಸರು ಏನು ಎಂದು ಠಾಣೆಯಲ್ಲಿ ಎಲ್ಲರಿಗೂ ಗೊತ್ತು. ಈ ಪೇದೆಯನ್ನು ನಮ್ಮ ವೈರಿ ಎಂದು ಹಳಿದು ಕೂಡುವುದು ಸುಲಭದ ಬಂಡಾಯ. ಅವನನ್ನು ದುಡಿಸಿಕೊಳ್ಳುವ ವ್ಯವಸ್ಥೆಯನ್ನು ಗುರುತಿಸುವುದು ಕಷ್ಟದ ಬಂಡಾಯ.

ಜೂನ್ ಮುಗಿದು ಎರಡು ತಿಂಗಳು ತುಂಬಲಿಲ್ಲ, ಮೂರನೆಯ ತಾರೀಖು ಬಂತು. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ನೀರಿಗಾಗಿ ಕರ್ನಾಟಕ ಹಾಕಿದ್ದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ಬರದಲ್ಲಿ ಬೆಂದಿದ್ದ ನವಲಗುಂದ ಸಿಡಿಯಿತು. ಸರ್ಕಾರಿ ಕಚೇರಿಗಳ ಮೇಲೆ ಕಲ್ಲು ಬಿದ್ದವು, ಕಾಗದಪತ್ರ ಹಾಳಾದವು. ಅದಕ್ಕೆ ಪ್ರತಿಯಾಗಿ ಪೊಲೀಸರು ಹಳ್ಳಿ ಹೊಕ್ಕರು. ಯಮನೂರಿನಲ್ಲಿ ಮುದುಕರು, ಹೆಣ್ಣುಮಕ್ಕಳು ಎನ್ನದೆ ಹೊಡೆದದ್ದನ್ನು ಟಿವಿಯಲ್ಲಿ ಇಡೀ ನಾಡು ನೋಡಿತು. ಹಿಡಿದವರನ್ನು ದೂರದ ಬಳ್ಳಾರಿ, ಚಿತ್ರದುರ್ಗದ ಜೈಲುಗಳಿಗೆ ಸಾಗಿಸಿದರು. ಹಿಂದೂಗಳು ಚಾಂಗದೇವ ಎಂದು, ಮುಸಲರು ರಾಜಾಬಾಗಸವಾರ ಎಂದು ಕೂಡಿ ನಡಕೊಳ್ಳುವ ಊರು ಅದು. ಜಾತ್ರೆಯಲ್ಲಿ ಆ ಊರನ್ನು ಕಾಯುವ ಇಲಾಖೆಯೇ ಜುಲೈಯಲ್ಲಿ ಅದರ ಮನೆಗಳಿಗೆ ನುಗ್ಗಿತು. ರಜೆ ಕೇಳಿ ಬಾಯಿ ಮುಚ್ಚಿಸಿಕೊಂಡ ಕಾನ್‌ಸ್ಟೆಬಲ್ಲನ ಕೈಯಲ್ಲೇ ಆಗ ಲಾಠಿ ಇತ್ತು.

ಇಂಥ ಹೊತ್ತಿನಲ್ಲಿ ಇಲಾಖೆ ಬರೆಯುವ ಕನ್ನಡವನ್ನು ವ್ಯಾಕರಣದ ಮಾಸ್ತರರು ಹುಡುಗರಿಗೆ ಪಾಠ ಮಾಡಬೇಕು. 'ಲಘು ಲಾಠಿ ಪ್ರಹಾರ ನಡೆಸಲಾಯಿತು.' 'ಅನಿವಾರ್ಯವಾಗಿ ಗುಂಡು ಹಾರಿಸಲಾಯಿತು.' 'ಪರಿಸ್ಥಿತಿ ಹತೋಟಿಗೆ ತರಲಾಯಿತು.' ಕರ್ಮ ಇದೆ, ಕ್ರಿಯೆ ಇದೆ, ಕರ್ತೃ ಎಲ್ಲಿ? ಹೊಡೆದವನಿಲ್ಲ, ಹೊಡಿ ಅಂದವನಿಲ್ಲ. ಲಾಠಿ ತಾನೇ ಎದ್ದು ಬೀಸಿತು, ಬಂದೂಕು ತಾನೇ ಹಾರಿತು! ಅದೇ ಠಾಣೆ ಬಡವನ ಮೇಲೆ ಕೇಸು ಬರೆಯುವಾಗ ಕರ್ತೃ ಮರೆಯುವುದಿಲ್ಲ. ಅವನ ಹೆಸರು, ಅಪ್ಪನ ಹೆಸರು, ವಯಸ್ಸು, ಉದ್ಯೋಗ, ಜಾತಿ, ವಾಸದ ಊರು, ಎಲ್ಲವೂ ಮೊದಲ ಸಾಲಿನಲ್ಲೇ ಇರುತ್ತವೆ. ಯಾರ ವಾಕ್ಯಕ್ಕೆ ಕರ್ತೃ ಬೇಕು, ಯಾರ ವಾಕ್ಯಕ್ಕೆ ಬೇಡ ಎಂಬಲ್ಲಿಯೇ ಈ ಬರಹದ ರಾಜಕೀಯ ಇದೆ.

ಈ ಭಾಷೆ ನವಲಗುಂದಕ್ಕೆ ಹೊಸದಲ್ಲ. 1980ರ ಜುಲೈ 21ರಂದು, ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬಾರದೆ ಅಭಿವೃದ್ಧಿ ಕರ ಮಾತ್ರ ಬಂದಾಗ, ನವಲಗುಂದ ನರಗುಂದಗಳ ರೈತರು ಕಚೇರಿಗಳ ಮುಂದೆ ಕೂತರು. ನರಗುಂದವೂ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಗೋಲಿಬಾರಿನಲ್ಲಿ ಬಸಪ್ಪ ಲಕ್ಕುಂಡಿ, ಈರಪ್ಪ ಕಡ್ಲಿಕೊಪ್ಪ ಸತ್ತರು. ನರಗುಂದದಲ್ಲಿ ಸಿಟ್ಟಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಕರ ಹಾಕಿದವರು, ಗುಂಡಿಗೆ ಅಪ್ಪಣೆ ಕೊಟ್ಟವರು ಸಾಯಲಿಲ್ಲ. ಆ ಕಿಚ್ಚಿನಲ್ಲಿ ರೈತಸಂಘ ಬೆಳೆಯಿತು, 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಹೋಯಿತು. ಇವತ್ತಿಗೂ ಜುಲೈ 21 ಹುತಾತ್ಮರ ದಿನ. ನಾವೂ ಆ ದಿನ ತಲೆ ಬಾಗುತ್ತೇವೆ.

ಆದರೆ ತಲೆ ಬಾಗಿ ನಿಂತಾಗಲೇ ಒಂದು ಪ್ರಶ್ನೆ ಏಳುತ್ತದೆ, ಅದನ್ನು ನುಂಗಿಕೊಳ್ಳುವುದು ನಮ್ಮಿಂದಾಗದು. ಕರ ಬಂದದ್ದು ಹೊಲ ಇದ್ದವರಿಗೆ. ಹೊಲವೇ ಇಲ್ಲದ ಕೇರಿಗೆ ಕರದ ನೋಟೀಸು ಬರಲಿಲ್ಲ, ಏಟು ಮಾತ್ರ ಎಲ್ಲ ಕಾಲಕ್ಕೂ ಬಂತು. ಹೊಲವಿದ್ದವನ ಬೆನ್ನಿಗೆ ಲಾಠಿ ಬಿದ್ದಾಗ ಅದು ಇತಿಹಾಸವಾಯಿತು, ವೃತ್ತದಲ್ಲಿ ಕಲ್ಲು ನಿಂತಿತು. ಕೇರಿಯವನ ಬೆನ್ನಿಗೆ ಬಿದ್ದದ್ದು ಸ್ಟೇಷನ್ ಡೈರಿಗೂ ಬರಲಿಲ್ಲ. ಯಮನೂರಿನ ತಾಯಂದಿರು ಠಾಣೆಯ ಬಗ್ಗೆ ಆ ಒಂದು ದಿನ ತಿಳಿದುಕೊಂಡದ್ದನ್ನು ನಮ್ಮ ಅವ್ವಂದಿರು ಹುಟ್ಟಿದಾಗಿನಿಂದ ಬಲ್ಲರು. ಒಬ್ಬರ ಗಾಯಕ್ಕೆ ಇನ್ನೊಬ್ಬರ ಗಾಯವನ್ನು ಎದುರಿಟ್ಟು ತೂಗಲಿಕ್ಕೆ ಈ ಮಾತು ಆಡುತ್ತಿಲ್ಲ. ಪೊಲೀಸರ ದೌರ್ಜನ್ಯ ಖಂಡಿಸಿ ಬೀದಿಗಿಳಿದ ರೈತ ಗೆಳೆಯರೆ, ಮರುವಾರ ನಿಮ್ಮೂರಿನ ಕೇರಿಯ ಹುಡುಗ ಫಿರ್ಯಾದಿ ಕೊಡಲು ಹೋದಾಗ, ರಾಜಿ ಮಾಡಿಸಲು ಬಂದು ಕುರ್ಚಿ ಮೇಲೆ ಕೂತವರು ಯಾರು? ಈ ಪ್ರಶ್ನೆಗೆ ಉತ್ತರ ಕೊಡದೆ ರೈತ-ದಲಿತ ಐಕ್ಯದ ಭಾಷಣ ಮಾಡಿದರೆ ಅದು ಬರೀ ಭಾಷಣ.

ಬರೆದದ್ದಕ್ಕೆ, ಬರೆಯದೆ ಬಿಟ್ಟದ್ದಕ್ಕೆ ಎಷ್ಟು ಬೆಲೆ ಇದೆ ಎಂಬುದಕ್ಕೆ ಎರಡು ಊರು ನೋಡಿ. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಅಲ್ಲಿ ಸಾಕ್ಷಿ ನಿಂತಿತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, 98 ಮಂದಿಗೆ ಜೀವಾವಧಿ ಶಿಕ್ಷೆ ಆಯಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು, ಹೋರಾಟ ಮುಗಿದಿಲ್ಲ. ಆದರೂ ಕಾಗದದ ಮೇಲೆ ಬಂದದ್ದು ಹತ್ತು ವರ್ಷದ ಮೇಲೂ ಮಾತಾಡಬಲ್ಲದು ಎಂದು ಗೊತ್ತಾಯಿತು.

ಆದ್ದರಿಂದ ಹಳ್ಳಿಯ ಮಾಸ್ತರರೆ, ಹಾಸ್ಟೆಲಿನ ಗೆಳೆಯರೆ, ಠಾಣೆಗೆ ಒಬ್ಬರನ್ನೇ ಕಳಿಸಬೇಡಿ. ಜೊತೆಗೆ ಹೋಗಿ, ಪೆನ್ನು ತಗೊಂಡು ಹೋಗಿ. ಅಪರಾಧ ನಡೆದದ್ದು ಮಾತಿನಿಂದಲೇ ಕಂಡರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ನಕಲು ಪುಕ್ಕಟೆ ಕೊಡಬೇಕು. ಬರಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿರಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿರಿ. ದೌರ್ಜನ್ಯದ ಕೇಸಿನ ತನಿಖೆ ಡಿವೈಎಸ್‌ಪಿಗಿಂತ ಕೆಳಗಿನವರು ಮಾಡುವಂತಿಲ್ಲ. ಜಿಲ್ಲಾಧಿಕಾರಿಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸೇರಿತೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿರಿ. ಠಾಣೆಗಳಲ್ಲಿ ಕ್ಯಾಮೆರಾ ಇರಬೇಕೆಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅಪ್ಪಣೆ ಮಾಡಿದೆ. ನಿಮ್ಮ ಠಾಣೆಯದು ನಡೆಯುತ್ತಿದೆಯೇ ಎಂದೂ ಕೇಳಿರಿ.

ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ. ಊರೂರಿಗೆ ಒಂದು ನೋಟುಬುಕ್ಕು ಇಡೋಣ. ಯಾವ ತಾರೀಖು ಯಾರು ಠಾಣೆಗೆ ಹೋದರು, ಏನು ಹೇಳಿದರು, ಯಾರು ಏನೆಂದು ಹೇಳಿ ಹಿಂದಕ್ಕೆ ಕಳಿಸಿದರು, ರಾಜಿಗೆ ಯಾರು ಕೂತರು, ಎಲ್ಲವನ್ನೂ ಬರೆಯೋಣ. ಒಂದು ವಾಕ್ಯದಲ್ಲಿಯೂ ಕರ್ತೃವನ್ನು ಬಿಡಬಾರದು. ಬರುವ ಜನವರಿಯಲ್ಲಿ ಇಲಾಖೆ ತನ್ನ ವರ್ಷದ ಲೆಕ್ಕ ಓದುತ್ತದೆ. ಅವತ್ತೇ, ಅದೇ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಮ್ಮ ಲೆಕ್ಕವನ್ನೂ ಗಟ್ಟಿಯಾಗಿ ಓದೋಣ.