ಸಾಲಿನ ಮೊದಲ ಪದ: ಗರ್ಕಿನ್ ಸ್ಪೆಸಿಫಿಕೇಶನ್ನಿನ ಕನ್ನಡವನ್ನು ಓದುವ ಒಂದು ಪ್ರಯತ್ನ

ಧ್ವನಿ ಕೇಳಿಸ್ತದ ಅಂತ ತಿಳ್ಕೊಂಡು ಶುರು ಮಾಡ್ತೀನಿ. ನಾನು ವಿಮರ್ಶೆಗೆ ಆರಿಸಿಕೊಂಡ ಪಠ್ಯ ಬಹಳ ಸಣ್ಣದು: ಹತ್ತು ಹನ್ನೊಂದು ಕನ್ನಡ ಪದಗಳ ಒಂದು ಪಟ್ಟಿ. ಆದರೆ ಆ ಪಟ್ಟಿ ಒಂದು ದೊಡ್ಡ ಕರಾರಿನ ಭಾಗ. ಅದಕ್ಕೇ ಮೊದಲು ಕರಾರು ಏನು ಅಂತ ಹೇಳಬೇಕು.

ಒಂದು ಸಾಫ್ಟ್‌ವೇರ್ ಹೇಳಿದ ಹಾಗೆ ನಡಕೊಳ್ತದೋ ಇಲ್ಲೋ ಅಂತ ನೋಡಲಿಕ್ಕೆ ಇನ್ನೊಂದು ಸಣ್ಣ ಪ್ರೋಗ್ರಾಂ ಬರೀತಾರ, ಅದು ಟೆಸ್ಟ್. ಟೆಸ್ಟ್ ಬರೆಯೋದನ್ನು ಸುಲಭ ಮಾಡುವ ಲೈಬ್ರರಿಗಳು ಒಂದೊಂದು ಪ್ರೋಗ್ರಾಮಿಂಗ್ ಭಾಷೆಗೂ ಹಲವಾರು ಇವೆ, ಒಂದೊಂದರ ರೀತಿಯೂ ಬೇರೆ. ಡ್ಯಾನ್ ನಾರ್ತ್ ಮತ್ತು ಕ್ರಿಸ್ ಮ್ಯಾಟ್ಸ್ ರೂಪಿಸಿದ ‘ಗಿವನ್, ವೆನ್, ದೆನ್’ ಎಂಬ ಮೂರು ಮೆಟ್ಟಿಲಿನ ಮಾತಿನ ಮೇಲೆ ಕುಕುಂಬರ್ ಎಂಬ ಟೆಸ್ಟ್ ಸಾಧನ ನಿಂತಿದೆ. ಅದನ್ನು ಆಸ್ಲಾಕ್ ಹೆಲ್ಲೆಸೋಯ್ 2008ರಲ್ಲಿ ಶುರು ಮಾಡಿದರು. ಅದರ ಬರವಣಿಗೆಯ ನಿಯಮಗಳಿಗೆ ಗರ್ಕಿನ್ ಎಂದು ಹೆಸರು. (ಗರ್ಕಿನ್ ಅಂದ್ರ ಮಿಡಿಸೌತೆ, ಕರ್ನಾಟಕದ ರೈತರು ರಫ್ತಿಗೆ ಬೆಳೆಯೋದು ಅದನ್ನೇ.) ರೂಬಿ, ಜಾವಾ, ಜಾವಾಸ್ಕ್ರಿಪ್ಟ್ ಯಾವುದರಲ್ಲೇ ಕೆಲಸ ಮಾಡಿ, ಟೆಸ್ಟಿನ ಪಠ್ಯ ಒಂದೇ ಇರಬೇಕು ಅನ್ನೋದು ಆಸೆ. ಆ ಆಸೆಗೆ ಮೂರು ಆಧಾರ ಇವೆ: ಒಂದು ವ್ಯಾಕರಣದ ಕಡತ, ಎಲ್ಲ ಅಳವಡಿಕೆಗಳೂ ಒಂದೇ ಉತ್ತರ ಕೊಡಬೇಕಾದ ಮಾದರಿ ಕಡತಗಳು, ಮತ್ತು 70ಕ್ಕೂ ಹೆಚ್ಚು ಭಾಷೆಗಳ ಕೀವರ್ಡ್ ಪಟ್ಟಿ. ಕಡಲ್ಗಳ್ಳರ ಇಂಗ್ಲಿಷೂ ಅದರೊಳಗೆ ಇದೆ, ಬರೀ ಇಮೋಜಿಯ ‘ಭಾಷೆ’ಯೂ ಇದೆ. ಕನ್ನಡವೂ ಇದೆ.

ಕನ್ನಡ ಇದೆ ಅಂತ ನೋಡಿ ನನಗ ಖುಷಿ ಆಯ್ತು. ಅಕ್ಕಲಕೋಟೆ ಕಡೆಯವರಿಗೆ ಯಾವ ಪಟ್ಟಿಯಲ್ಲೇ ಆಗಲಿ ಕನ್ನಡ ಕಂಡರ ಮೊದಲು ಖುಷಿನೇ ಆಗ್ತದ. ಆಮೇಲೆ ಓದಿದೆ.

ಆ ಪದಗಳನ್ನಿಟ್ಟು ಒಂದು ಗ್ರಂಥಾಲಯದ ಸಾಫ್ಟ್‌ವೇರಿಗೆ ನಾನೇ ಟೆಸ್ಟ್ ಬರೆದೆ. ಪರದೆ ಮೇಲೆ ಹಾಕ್ತೀನಿ, ನೋಡ್ರಿ.

ಹೆಚ್ಚಳ: ಪುಸ್ತಕ ಎರವಲು
ಉದಾಹರಣೆ: ಗಡುವು ದಾಟಿದ ಪುಸ್ತಕ
ನೀಡಿದ ಓದುಗರ ಬಳಿ ಗಡುವು ದಾಟಿದ ಪುಸ್ತಕ ಇದೆ
ಸ್ಥಿತಿಯನ್ನು ಅವರು ಪುಸ್ತಕ ಹಿಂದಿರುಗಿಸುತ್ತಾರೆ
ನಂತರ 5 ರೂಪಾಯಿ ದಂಡ ಎಂದು ತೋರಿಸಬೇಕು

ಯಂತ್ರ ಇದನ್ನು ತಕರಾರಿಲ್ಲದೆ ಒಪ್ಪುತ್ತದೆ. ಮನುಷ್ಯರು ಓದಿದರೆ? ‘ಹೆಚ್ಚಳ’ ಇಲ್ಲಿ ಫೀಚರ್ ಎಂಬುದರ ಬದಲಿಗೆ ಬಂದದ್ದು. ಹಿರಿಮೆ, ಅತಿಶಯ ಎಂಬ ಹಳೆಯ ಅರ್ಥ ಆ ಪದಕ್ಕೆ ಉಂಟು, ನಿಜ. ಆದರೆ ಇವತ್ತಿನ ಕಿವಿಗೆ ಅದು ಬೆಲೆ ಹೆಚ್ಚಳ, ಸಂಬಳ ಹೆಚ್ಚಳ. ಟೆಸ್ಟಿನ ಖಾಲಿ ಬಿಟ್ಟ ಚೌಕಟ್ಟಿಗೆ, ಅಂದ್ರ ಔಟ್‌ಲೈನಿಗೆ, ‘ವಿವರಣೆ’ ಎಂದು ಕೊಟ್ಟಿದ್ದಾರೆ. ವಿವರ ಇಲ್ಲದ್ದಕ್ಕೇ ವಿವರಣೆ ಅಂತ ಹೆಸರು. ಇವು ಬರೀ ಪದದ ತಪ್ಪುಗಳು. ನಿಘಂಟು ಕೈಗೆ ಕೊಟ್ಟರೆ ಸರಿಹೋಗ್ತಾವ. ‘ಕಥಾಸಾರಾಂಶ’ ಅಂತಲೂ ಒಂದಿದೆ, ಅದು ನನಗ ಇಷ್ಟ.

ನಿಜವಾದ ತೊಡಕು ಮೂರನೆಯ ಸಾಲಿನಲ್ಲಿದೆ. ‘ನೀಡಿದ’ ಕೃದಂತ ವಿಶೇಷಣ, ಅದು ಮುಂದಿನ ನಾಮಪದವನ್ನು ಹಿಡಿಯದೆ ಬಿಡೋದಿಲ್ಲ. ಹಿಂಗಾಗಿ ಇಲ್ಲಿ ‘ನೀಡಿದ ಓದುಗರು’ ಹುಟ್ಟಿಕೊಂಡರು. ಏನು ನೀಡಿದರು, ಯಾರಿಗೆ ನೀಡಿದರು, ಗೊತ್ತಿಲ್ಲ. ಮುಂದಿನ ಸಾಲಿನ ‘ಸ್ಥಿತಿಯನ್ನು’ ದ್ವಿತೀಯಾ ವಿಭಕ್ತಿ ಹೊತ್ತು, ಸಕರ್ಮಕ ಕ್ರಿಯಾಪದಕ್ಕೆ ಕಾಯ್ತಾ ನಿಂತಿದೆ. ಆ ಕ್ರಿಯಾಪದ ಬಂತು, ಆದರೆ ಅದು ಪುಸ್ತಕವನ್ನು ಎತ್ತಿಕೊಂಡು ಹೋಯಿತು.

ಇದಕ್ಕೆ ಅನುವಾದಕರನ್ನು ಬೈಯೋದು ಸುಲಭ. ಅವರಿಗೆ ಬೇರೆ ದಾರಿ ಕಡಿಮೆ ಇತ್ತು ಅಂತ ನನ್ನ ವಾದ. ಗರ್ಕಿನ್ ಪ್ರಕಾರ ಕೀವರ್ಡ್ ಸಾಲಿನ ಮೊದಲಲ್ಲೇ ಬರಬೇಕು. ಇಂಗ್ಲಿಷಿನ ವೆನ್ ಅಲ್ಲೇ ಇರುತ್ತದೆ. ಕನ್ನಡದಲ್ಲಿ ಆ ಅರ್ಥವನ್ನು ಹೊರುವುದು ಸಾಮಾನ್ಯವಾಗಿ ಕ್ರಿಯಾಪದದ ಬಾಲ: ‘ಹಿಂದಿರುಗಿಸಿದಾಗ’, ಅಥವಾ ‘ಹಿಂದಿರುಗಿಸಿದರೆ’ ಎಂಬ ಪಕ್ಷಾರ್ಥಕ. ಬಾಲವನ್ನು ಕತ್ತರಿಸಿ ತಲೆಗೆ ಅಂಟಿಸು ಅಂದಾಗ ಕೈಗೆ ಸಿಕ್ಕಿದ್ದು ‘ಸ್ಥಿತಿಯನ್ನು’. ಸ್ಪೆಸಿಫಿಕೇಶನ್ ಮಾಡಿದವರು ಭಾಷೆಗಳ ಬಗ್ಗೆ ಯೋಚಿಸಲೇ ಇಲ್ಲ ಅನ್ನೋಹಾಗಿಲ್ಲ. ಜಪಾನಿಯಲ್ಲಿ ಪದಗಳ ನಡುವೆ ಜಾಗ ಬಿಡೋದಿಲ್ಲ ಎಂದು, ಕೀವರ್ಡಿನ ಮುಂದಿನ ಖಾಲಿ ಜಾಗವನ್ನೂ ಕೀವರ್ಡಿನ ಭಾಗವಾಗಿ ಬರೆದಿದ್ದಾರೆ. ಬೇಕಾದ ಭಾಷೆ ಇಟ್ಟುಕೊಳ್ಳಬಹುದು, ಬೇಡಾದರ ಬಿಡಬಹುದು. ಅಂದ್ರ ಲಿಪಿಯ ವ್ಯತ್ಯಾಸ ಕಂಡಿದೆ, ವಾಕ್ಯದ ವ್ಯತ್ಯಾಸ ಕಂಡಿಲ್ಲ.

ನೆರೆಯವರು ಏನು ಮಾಡಿದ್ದಾರೆ? ತಮಿಳಿನ ‘ಕೊಡುಕ್ಕಪ್ಪಟ್ಟ’ ನಮ್ಮ ‘ನೀಡಿದ’ದ ಹಾಗೇ ನಾಮಪದ ಹಿಡಿಯುವ ರೂಪ, ‘ಎಪ್ಪೋದು’ ಅಂದ್ರ ‘ಯಾವಾಗ?’ ಎಂಬ ಪ್ರಶ್ನೆ. ತೆಲುಗು ಜಾಣತನ ಮಾಡಿದೆ: ‘ಚೆಪ್ಪಬಡಿನದಿ’, ಹೇಳಲ್ಪಟ್ಟದ್ದು, ತನ್ನಷ್ಟಕ್ಕೆ ಮುಗಿದ ಮಾತು, ವೆನ್ ಇದ್ದಲ್ಲಿ ‘ಈ ಪರಿಸ್ಥಿತಿಲೋ’. ಹೊಸೂರು, ಆದವಾನಿ ಕಡೆಯ ಗೆಳೆಯರು ಇದನ್ನು ನನಗಿಂತ ಚಲೋ ಹೇಳಬಲ್ಲರು. ಮರಾಠಿಗೆ ಕಷ್ಟವೇ ಇಲ್ಲ. ‘ಜೇವ್ಹಾ’, ‘ತೇವ್ಹಾ’ ಎರಡೂ ವಾಕ್ಯದ ಮೊದಲಲ್ಲಿ ಕೂಡುವ ಜೋಡಿ.

ಇಲ್ಲಿ ನಮ್ಮ ಮನೆ ಮಾತಿಗೆ ಬರ್ತೀನಿ. ‘ಯಾವಾಗ ಮಳಿ ಆಗ್ತದ, ಆವಾಗ ಬಿತ್ತತೀವಿ’ ಅಂತ ನಮ್ಮ ಕಡೆ ಹೇಳ್ತಾರ. ಶಿಷ್ಟ ಕನ್ನಡದಲ್ಲೂ ಯಾವಾಗ–ಆಗ ಜೋಡಿ ಇದೆ, ಆದರೆ ಅಲ್ಲಿ ‘ಆಗುತ್ತದೋ’ ಎಂಬ ‘ಓ’ ಬೇಕು. ಮತ್ತೆ ಸಾಲಿನ ಕೊನೆಗೆ ಒಂದು ಬಾಲ. ನಮ್ಮ ಮಾತಿನಲ್ಲಿ ಆ ‘ಓ’ ಎಷ್ಟೋ ಸಲ ಬಿದ್ದುಹೋಗಿರ್ತದ. ಇಂಥ ವಾಕ್ಯ ಬರೆದಾಗ ನನ್ನ ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆ ಬಿದ್ದಿದೆ, ‘ಮರಾಠಿ ಪ್ರಭಾವ’ ಅಂತ ಬದಿಯಲ್ಲಿ ಬರೆದಿದ್ದರು. ಗರ್ಕಿನ್ ಕೇಳೋದು ಸರಿಯಾಗಿ ಆ ಗೆರೆ ಬಿದ್ದ ವಾಕ್ಯವನ್ನೇ.

ಯಾವಾಗ ಓದುಗರು ಪುಸ್ತಕ ಹಿಂದಿರುಗಿಸುತ್ತಾರೆ
ಆವಾಗ 5 ರೂಪಾಯಿ ದಂಡ ಎಂದು ತೋರಿಸಬೇಕು

ಇದನ್ನು ಅಕ್ಕಲಕೋಟೆಯ ಗ್ರಂಥಪಾಲಕರು ಓದಿ ತಲೆಯಾಡಿಸ್ತಾರ. ಮೈಸೂರಿನವರು ಒಪ್ತಾರೋ ಇಲ್ಲೋ, ಪ್ರಶ್ನೋತ್ತರದಲ್ಲಿ ನೋಡೋಣ. ಒಪ್ಪದಿದ್ದರೆ ಇನ್ನೊಂದು ದಾರಿ ಜಪಾನಿಯಿಂದ ಕಲಿಯಬಹುದು. ಅವರದ್ದೂ ಕ್ರಿಯಾಪದ ಕೊನೆಗೆ ಬರುವ ಭಾಷೆ. ಗಿವನ್ ಬದಲು ‘ಪೂರ್ವಾಧಾರ’ ಎಂಬರ್ಥದ ಬರೀ ನಾಮಪದ ಇಟ್ಟುಕೊಂಡಿದ್ದಾರೆ. ಪೂರ್ವಸ್ಥಿತಿ, ಕ್ರಿಯೆ, ಫಲ ಎಂದು ನಾವೂ ಇಡಬಹುದು. ಪಟ್ಟಿಯಲ್ಲಿ ‘ಹಿನ್ನೆಲೆ’ ಎಲ್ಲೂ ಎಡವದಿರೋದು ಅದು ನಾಮಪದ ಆಗಿರೋದರಿಂದಲೇ. ‘ಗಿವನ್’ಗಂತೂ ನನಗೂ ನಾಮಪದವೇ ಸರಿ ಅನ್ನಿಸ್ತದ.

ಕನ್ನಡದಲ್ಲಿ ಟೆಸ್ಟ್ ಬರೆಯೋರು ಯಾರಿದ್ದಾರ ಅಂತ ಕೇಳಬಹುದು. ಬೆಂಗಳೂರಿನಲ್ಲೂ ಆ ಕೆಲಸ ಇಂಗ್ಲಿಷಿನಲ್ಲೇ ನಡೀತದ, ಒಪ್ಪಿದೆ. ಆದರೆ ಈ ಸ್ಪೆಸಿಫಿಕೇಶನ್ನಿನ ಸಮರ್ಥನೆಯೇ, ಪ್ರೋಗ್ರಾಂ ಬರೆಯದವರೂ ಓದಿ ‘ಹೌದು, ನಮಗ ಬೇಕಾದ್ದು ಇದೇ’ ಅನ್ನಬೇಕು ಎಂಬುದು. ಕುಕುಂಬರ್ ಒಂದು ಸಾಲನ್ನು ಅದರ ಕೋಡಿಗೆ ಹೊಂದಿಸುವಾಗ ಗಿವನ್, ವೆನ್ ಎಂಬ ಮೊದಲ ಪದವನ್ನು ಲೆಕ್ಕಕ್ಕೇ ಹಿಡಿಯೋದಿಲ್ಲ. ಯಾವ ಕೀವರ್ಡಿನ ಜಾಗದಲ್ಲೂ ಒಂದು ನಕ್ಷತ್ರ ಚಿಹ್ನೆ ಇಟ್ಟರೂ ಸಾಲು ನಡೀತದ. (ಪೈಥಾನಿನ ಬಿಹೇವ್ ಹಾಗಲ್ಲ, ಅದು ಪದದ ಜಾತಿ ನೋಡುತ್ತದೆ.) ಅಂದಮೇಲೆ ಆ ಪದ ಇರೋದು ಬರೀ ಓದುವ ಮನುಷ್ಯರಿಗಾಗಿ. ಅಲ್ಲಿ ‘ಸ್ಥಿತಿಯನ್ನು’ ಎಂದಿದ್ದರೆ ಟೆಸ್ಟ್ ಪಾಸಾಗುತ್ತದೆ, ಯಾವ ಎಚ್ಚರಿಕೆಯೂ ಬರೋದಿಲ್ಲ, ಓದುವವರು ಮಾತ್ರ ಇಂಗ್ಲಿಷ್ ಪ್ರತಿ ಎಲ್ಲಿದೆ ಅಂತ ಹುಡುಕ್ತಾರ. ಕನ್ನಡ ಪ್ರಶ್ನೆಪತ್ರಿಕೆ ಕೈಯಲ್ಲಿ ಹಿಡಿದು, ಅರ್ಥಕ್ಕಾಗಿ ಪಕ್ಕದ ಹುಡುಗನ ಮರಾಠಿ ಪತ್ರಿಕೆ ಇಣುಕಿದ ನಮ್ಮವರಿಗೆ ಇದು ಹೊಸದಲ್ಲ.

ತಿದ್ದೋದು ಕಷ್ಟದ ಕೆಲಸ ಅಲ್ಲ. ಒಂದು ಕೀವರ್ಡಿಗೆ ಎಷ್ಟು ಪದ ಬೇಕಾದರೂ ಪಟ್ಟಿಯಲ್ಲಿ ಸೇರಿಸಬಹುದು. ಹಳೆಯದನ್ನು ತೆಗೆಯದಿದ್ದರೆ ಈಗಾಗಲೇ ಬರೆದ ಕಡತಗಳೂ ನಡೀತಾವ. ಮರಾಠಿಯವರು ‘ದೆನ್’ಗೆ ‘ಮಗ್’ ಮತ್ತು ‘ತೇವ್ಹಾ’ ಎರಡನ್ನೂ ಇಟ್ಟಿದ್ದಾರೆ. ‘ಸ್ಥಿತಿಯನ್ನು’ ಪಕ್ಕಕ್ಕೆ ‘ಯಾವಾಗ’, ‘ನಂತರ’ದ ಪಕ್ಕಕ್ಕೆ ‘ಆವಾಗ’ ಬರೆದು ಕಳಿಸೋಣ ಅಂತಿದೀನಿ. ‘ಆವಾಗ’ ಅನ್ನೋದೋ ‘ಆಗ’ ಅನ್ನೋದೋ, ಅದನ್ನು ಇವತ್ತು ಇಲ್ಲಿ ನೀವೇ ಹೇಳ್ರಿ.