ಡೇವ್‌ನ ಜಿಗಿತ, ರಾಜಕುಮಾರನ ನೆರಳು

ತೊಂಬತ್ತರ ದಶಕದಲ್ಲಿ ಶಾಲೆಯ ಲ್ಯಾಬಿನಲ್ಲಿ ಮೊದಲ ಸಲ ಕಂಪ್ಯೂಟರ್ ಮುಟ್ಟಿದವರು ನೆನಪು ಬರೆಯಲು ಕೂತರೆ ‘ಡೇಂಜರಸ್ ಡೇವ್’ ಬಂದೇ ಬರುತ್ತಾನೆ. ಟೊಪ್ಪಿ, ಕೋವಿ, ಚಿನ್ನದ ಟ್ರೋಫಿ, ಆಮೇಲೆ ‘ಅಂಥ ಆಟ ಇನ್ನು ಹುಟ್ಟಲಿಕ್ಕಿಲ್ಲ’ ಎಂಬ ಒಂದು ನಿಟ್ಟುಸಿರು. ಹಳೆಯ ಆಟಗಳನ್ನು ಕೂಡಿಡುವ ಹವ್ಯಾಸಿಗಳೂ ಅವನಿಗೆ ಐದಕ್ಕೆ ಐದು ನಕ್ಷತ್ರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಡೇವ್ ಸಾಧಾರಣ ಆಟ. ಅದನ್ನು ಸಾಧಾರಣ ಎಂದು ಹೇಳುವ ಧೈರ್ಯವಿಲ್ಲದ ಸಂಗ್ರಹಗಳಿಗೆ ನಾವು ಕೊಡುತ್ತಿರುವ ಮರ್ಯಾದೆಯೂ ಸ್ವಲ್ಪ ಜಾಸ್ತಿಯಾಯಿತು.

ಜಾನ್ ರೊಮೆರೊ 1988ರಲ್ಲಿ ಡಿಸ್ಕ್ ಪತ್ರಿಕೆಯೊಂದಕ್ಕಾಗಿ ಇದನ್ನು ಬರೆದದ್ದು, ಮುಂದೆ ‘ಡೂಮ್’ ಮಾಡಿದ್ದು ಎಲ್ಲ ಓದುಗರಿಗೆ ಗೊತ್ತು. ಆ ಕಥೆ ಬಿಡೋಣ, ಜಿಗಿತವನ್ನು ನೋಡೋಣ. ಕೀಲಿಯನ್ನು ತಟ್ಟಿ ಬಿಟ್ಟರೂ ಒತ್ತಿ ಹಿಡಿದರೂ ಡೇವ್ ಏರುವುದು ಒಂದೇ ಎತ್ತರಕ್ಕೆ. ಸಾಮುರಾಯ್ ಎಂಬ ಆಟದ ಡಬ್ಬಿಯನ್ನು ಟಿವಿಗೆ ಸಿಕ್ಕಿಸಿ ಮಾರಿಯೋ ಆಡಿದವರಿಗೆ ಇದರ ವ್ಯತ್ಯಾಸ ಬೆರಳಿನಲ್ಲೇ ನೆನಪಿರಬೇಕು. 1985ರ ಮಾರಿಯೋ ಒತ್ತಿದಷ್ಟು ಹಾರುತ್ತಿದ್ದ. ಓಡಿ ಬಂದರೆ ಆ ವೇಗವೂ ಜಿಗಿತಕ್ಕೆ ಸೇರುತ್ತಿತ್ತು. ಹಾಗಾಗಿ ಒಂದೇ ಹೊಂಡವನ್ನು ಹತ್ತು ಮಕ್ಕಳು ಹತ್ತು ರೀತಿ ದಾಟುತ್ತಿದ್ದರು. ಡೇವ್‌ಗೆ ಆ ಸ್ವಾತಂತ್ರ್ಯವಿಲ್ಲ. ಎಲ್ಲಿ ನಿಲ್ಲಬೇಕು ಎಂಬುದೊಂದೇ ಪ್ರಶ್ನೆ, ಹೇಗೆ ಹಾರಬೇಕು ಎಂಬ ಪ್ರಶ್ನೆಯೇ ಇಲ್ಲ. ಇಂಥ ಬಿಗಿ ನಿಯಮದಿಂದ ಸೊಗಸಾದ ಒಗಟು ಕಟ್ಟಬಹುದಿತ್ತು. ಆದರೆ ಹತ್ತು ಹಂತಗಳಲ್ಲಿ ಆ ನಿಯಮವನ್ನು ನಂಬಿ ಕಟ್ಟಿದ ಜಾಗಗಳು ವಿರಳ. ಹೆಚ್ಚಿನ ಕಡೆ ಬೆಂಕಿ, ನೀರು, ಗುಂಡು ಇವು ನಮ್ಮನ್ನು ಕಾಯಿಸುತ್ತವೆ, ಅಷ್ಟೆ.

ಇನ್ನು ಪರದೆಯ ವಿಷಯ. ಡೇವ್ ಅಂಚಿನ ಹತ್ತಿರ ಬಂದಾಗ ಚಿತ್ರ ಅವನ ಜೊತೆ ಹರಿಯುವುದಿಲ್ಲ, ಒಂದು ಪಾಲು ಜರುಗಿ ನಿಲ್ಲುತ್ತದೆ. 1990ರಲ್ಲಿ ರೊಮೆರೊನ ಸಹೋದ್ಯೋಗಿ ಜಾನ್ ಕಾರ್ಮ್ಯಾಕ್ ಪಿಸಿಯ ಮೇಲೆ ಪರದೆಯನ್ನು ನುಣ್ಣಗೆ ಹರಿಸುವ ಉಪಾಯ ಕಂಡುಹಿಡಿದಾಗ, ಮಾರಿಯೋ ಮೂರನೇ ಆಟದ ಮೊದಲ ಹಂತದಲ್ಲಿ ಇದೇ ಡೇವ್‌ನನ್ನು ಓಡಿಸಿ ತೋರಿಸಿದರು. ಅಲ್ಲಿಂದ ‘ಕಮಾಂಡರ್ ಕೀನ್’, ಅಲ್ಲಿಂದ ‘ಡೂಮ್’ ಮಾಡಿದ ಐಡಿ ಸಾಫ್ಟ್‌ವೇರ್. ಡೇವ್ ಚರಿತ್ರೆಗೆ ಸೇರಿದ್ದು ತನ್ನಲ್ಲಿ ಇಲ್ಲದ್ದರ ದೆಸೆಯಿಂದ!

ಅದೇ ಲ್ಯಾಬಿನಲ್ಲಿ, ಅದೇ ಫ್ಲಾಪಿ ಪೆಟ್ಟಿಗೆಯಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಇರುತ್ತಿತ್ತು. ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೊ ಹಿಡಿದು, ಒಂದೊಂದೇ ಚೌಕಟ್ಟಾಗಿ ಬಿಡಿಸಿದ ಆಟ, 1989ರದ್ದು. ಇಲ್ಲಿ ಕೀಲಿ ಒತ್ತಿದ ತಕ್ಷಣ ಜಿಗಿತವಿಲ್ಲ. ಓಡುತ್ತಿರುವ ಮನುಷ್ಯ ಹೆಜ್ಜೆ ಮುಗಿಸಬೇಕು, ಆಮೇಲೆ ಹಾರಬೇಕು. ಮೊದಲ ಸಲ ಆಡುವವರಿಗೆ ಇದು ಕಂಪ್ಯೂಟರಿನ ಮಂದಗತಿ ಎನಿಸುತ್ತದೆ. ಎರಡು ಸಲ ಮುಳ್ಳಿಗೆ ಬಿದ್ದ ಮೇಲೆ ಆ ದೇಹಕ್ಕೆ ತೂಕವಿದೆ ಎಂದು ತಿಳಿಯುತ್ತದೆ. ಶಿಫ್ಟ್ ಹಿಡಿದು ಅಂಚಿನವರೆಗೆ ಒಂದೊಂದೇ ಹೆಜ್ಜೆ ಇಡುವುದನ್ನು ಮಕ್ಕಳು ಯಾರೂ ಕಲಿಸದೆ ಕಲಿತರು. ಒಟ್ಟು ಅರುವತ್ತು ನಿಮಿಷದ ಗಡಿಯಾರ ಓಡುತ್ತಿರುವಾಗಲೂ ನಿಧಾನಿಸುವುದನ್ನು ಕಲಿತರು.

ನೆರಳಿನ ಮಾತು ಇದಕ್ಕಿಂತ ದೊಡ್ಡದು. ಆಟ ಮೊದಲು ಹುಟ್ಟಿದ ಆಪಲ್ ಟೂ ಯಂತ್ರದ ಮೆಮೊರಿ ತುಂಬಿಹೋಗಿ ಎದುರಾಳಿಯ ಚಿತ್ರಗಳಿಗೆ ಜಾಗವಿರಲಿಲ್ಲ. ಮೆಕ್ನರ್ ರಾಜಕುಮಾರನ ಚಿತ್ರಗಳನ್ನೇ ಒಂದು ಬಿಟ್ ಸರಿಸಿ, ಎಕ್ಸ್‌ಓಆರ್ ಎಂಬ ಸಣ್ಣ ಲೆಕ್ಕದಿಂದ ಅವುಗಳ ಮೇಲೆಯೇ ಕೂಡಿಸಿದಾಗ ಮಿನುಗುವ ಒಂದು ಪ್ರೇತಾಕೃತಿ ಹುಟ್ಟಿತು. ನಾಲ್ಕನೇ ಹಂತದಲ್ಲಿ ಕನ್ನಡಿಯೊಳಗಿಂದ ಹಾರಿ ಬರುವ ಈ ನೆರಳು ಮುಂದಿನ ಹಂತದಲ್ಲಿ ನಮ್ಮ ಪಾಲಿನ ಮದ್ದನ್ನು ಕುಡಿಯುತ್ತದೆ, ಹನ್ನೆರಡನೆಯದರಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಹೊಡೆದರೆ ಪೆಟ್ಟು ನಮಗೂ ಬೀಳುತ್ತದೆ. ಕತ್ತಿಯನ್ನು ಒರೆಗೆ ಹಾಕಿ ಅದರ ಕಡೆ ನಡೆದರೆ ಎರಡೂ ಒಂದಾಗುತ್ತವೆ. ಹನ್ನೊಂದು ಹಂತ ಕಡಿಯಲು ಕಲಿಸಿದ ಆಟ ಕಡಿಯಬೇಡ ಎನ್ನುತ್ತದೆ, ಒಂದು ಮಾತೂ ಆಡದೆ. ಜಾಗದ ಬಡತನದಿಂದ ಹುಟ್ಟಿದ ಉಪಾಯವೊಂದು ಕೃತಿಯ ಅರ್ಥವೇ ಆಗಿಬಿಡುವುದು ಕಾವ್ಯದಲ್ಲೂ ಅಪರೂಪ.

ಹೀಗೆಂದರೆ ನಮ್ಮ ಸಾಹಿತ್ಯ ವಿಮರ್ಶಕರಿಗೆ ನಗು. ಆಟವೆಂದರೆ ಹುಡುಗಾಟ, ಅದಕ್ಕೆಲ್ಲಿಯ ವಿಮರ್ಶೆ ಎಂಬ ಭಾವ. 1984ರ ತಿದ್ದುಪಡಿಯಿಂದೀಚೆಗೆ ಭಾರತದ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿನಲ್ಲೇ ಇಟ್ಟಿದೆ. ಕಾನೂನು ಒಪ್ಪಿದ್ದನ್ನು ವಿಚಾರ ಸಂಕಿರಣಗಳು ಇನ್ನೂ ಒಪ್ಪಿಲ್ಲ. ಮರುಮುದ್ರಣಗೊಂಡ ಪ್ರತಿ ಸಂಕಲನಕ್ಕೂ ಮುನ್ನುಡಿ, ಬೆನ್ನುಡಿ ಬರೆಯುವ ನಾವು, ಒಂದು ಇಡೀ ತಲೆಮಾರು ತನ್ನ ಕೈಯಾರೆ ‘ಓದಿದ’ ಈ ಕೃತಿಗಳ ಬಗ್ಗೆ ಒಂದು ಗಂಭೀರ ಪುಟ ಬರೆಯದೆ ಬಿಟ್ಟದ್ದಕ್ಕೆ ಸಬೂಬು ಏನು? ನೆನಪಿನ ಲೇಖಕರದ್ದು ಇನ್ನೊಂದು ತಪ್ಪು. ಅವರು ಹೊಗಳುವುದು ತಮ್ಮ ಹನ್ನೆರಡನೇ ವಯಸ್ಸನ್ನು, ಹೆಸರು ಹೇಳುವುದು ಡೇವ್‌ನದ್ದು.

ಎಲ್ಲವನ್ನೂ ಕೂಡಿಡಿ, ಆರಿಸಬೇಡಿ ಎನ್ನುವವರ ಗುಂಪು ಬೇರೆ. ಅವರ ವಾದದಲ್ಲಿ ಹುರುಳಿಲ್ಲವೆಂದಲ್ಲ. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87 ಈಗ ಮಾರಾಟಕ್ಕೇ ಸಿಗುವುದಿಲ್ಲವೆಂದು 2023ರ ಅಧ್ಯಯನವೊಂದು ಲೆಕ್ಕ ಹಾಕಿತು. ಇಂಟರ್‌ನೆಟ್ ಆರ್ಕೈವ್ 2015ರಲ್ಲಿ ಸುಮಾರು 2,400 ಡಾಸ್ ಆಟಗಳನ್ನು ಆಡಲು ಬರುವಂತೆ ಇಟ್ಟದ್ದು ದೊಡ್ಡ ಕೆಲಸವೇ. ಆದರೆ ಅಲ್ಲಿ ಡೇವ್‌ಗೂ ರಾಜಕುಮಾರನಿಗೂ ಒಂದೇ ಅಳತೆಯ ಚಿತ್ರ, ಒಂದೇ ಥರದ ನಾಲ್ಕು ಸಾಲು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅಲ್ಲಿ ಒಲೆ ಉರಿಯದಿದ್ದರೂ, ಯಾವ ಮನೆ ಎಲ್ಲಿಯದು, ಈ ಕಂಬದ ವಿಶೇಷವೇನು ಎಂದು ಜೊತೆಗೆ ನಡೆದು ಹೇಳುವವರಿದ್ದಾರೆ. ಆಟಗಳ ಗೋದಾಮುಗಳಲ್ಲಿ ಆ ಹೇಳುವವರೇ ಇಲ್ಲ.

ಒಬ್ಬರಿದ್ದರು. ಥಾಯ್ಲೆಂಡಿನ ಸರಿನಿ ಅಚ್ಚವನುಂತಕುಲ್ 1998ರಲ್ಲಿ ಬರೀ ಹವ್ಯಾಸಕ್ಕೆಂದು ಆರಂಭಿಸಿದ ‘ಹೋಮ್ ಆಫ್ ದಿ ಅಂಡರ್‌ಡಾಗ್ಸ್’ ಐದು ಸಾವಿರಕ್ಕೂ ಹೆಚ್ಚು ಆಟಗಳಿಗೆ ಮನೆಯಾಯಿತು. ಮಾರುಕಟ್ಟೆ ಮರೆತ ಆಟ ಯಾವುದು, ಏಕೆ ಮರೆಯಬಾರದಿತ್ತು, ಎಲ್ಲಿ ಸೋತಿತು ಎಂದು ಬಹುಪಾಲು ತಾವೇ ಬರೆದರು. ಇನ್ನೂ ಮಾರಾಟದಲ್ಲಿರುವ ಆಟವಾದರೆ ನಕಲು ಕೊಡುತ್ತಿರಲಿಲ್ಲ, ಕೊಳ್ಳುವ ದಾರಿ ತೋರಿಸುತ್ತಿದ್ದರು. ಅವರ ಎಷ್ಟೋ ತೀರ್ಪುಗಳು ಉದಾರವಾದವು, ಕೆಲವು ಅವಸರದವು, ಆದರೂ ತೀರ್ಪುಗಳು. 2009ರಲ್ಲಿ ಅದು ಮುಚ್ಚಿಹೋಯಿತು. ಫೈಲುಗಳನ್ನು ಹಲವರು ಉಳಿಸಿಕೊಂಡರು. ಆ ಬರವಣಿಗೆಯ ಪರಂಪರೆಯನ್ನು ಮುಂದುವರಿಸಿದವರು ಕಡಿಮೆ. ಹವ್ಯಾಸದ ಈ ಲೋಕದಲ್ಲಿ ನಿಜಕ್ಕೂ ಅಲಕ್ಷ್ಯಕ್ಕೆ ಒಳಗಾದ ಕೃತಿ ಅದು.

ಉಡುಪಿ ಕಡೆಯ ಇನ್ನಂಜೆಯಂಥ ಊರಿನಲ್ಲಿ ಈ ಬರೆದಿಡುವ ಕೆಲಸ ಇನ್ನೂ ತುರ್ತಿನದು. ನಮ್ಮ ಮಳೆಗಾಲದ ತೇವಕ್ಕೆ ಫ್ಲಾಪಿಯ ಮೇಲೆ ಬೂಷ್ಟು ಬರುತ್ತದೆ; ಕೈಬರಹದ ಪಟ್ಟಿಗಳು ಅದಕ್ಕೂ ಮೊದಲೇ ಹೋಗುತ್ತವೆ. ‘ಪ್ರಿನ್ಸ್’ ಮೊದಲ ಹಂತ ಮುಗಿದ ಮೇಲೆ ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ ಪದದ ಮೊದಲ ಅಕ್ಷರ ಕೇಳುತ್ತಿತ್ತು. ನಮ್ಮಲ್ಲಿ ಕೈಪಿಡಿ ಯಾರ ಬಳಿ ಇತ್ತು? ಬೀಗ ಮುರಿದ ನಕಲುಗಳಲ್ಲಿ ಆ ಪ್ರಶ್ನೆಯ ಕಾಟವಿರಲಿಲ್ಲ. ಆಟವನ್ನು ಸುಲಭ ಮಾಡಿಕೊಳ್ಳಲು ಡಾಸ್ ಪ್ರಾಂಪ್ಟಿನಲ್ಲಿ ‘ಪ್ರಿನ್ಸ್ ಮೆಗಾಹಿಟ್’ ಎಂದು ಟೈಪಿಸುವ ಗುಟ್ಟು ಬೆಂಚಿನಿಂದ ಬೆಂಚಿಗೆ ಬಾಯಿಮಾತಿನಲ್ಲಿ ದಾಟಿತು. ಅದು ದಾಟಿದ ಈ ಬಗೆ ಯಾವ ಗೋದಾಮಿನಲ್ಲೂ ದಾಖಲಾಗಿಲ್ಲದ ಕರಾವಳಿಯ ಪಾಠಾಂತರ.

ಉಡುಪಿ, ಕಾಪು, ಕಾರ್ಕಳದ ಕಡೆ ಹಳೆಯ ಆಟ ಕೂಡಿಟ್ಟವರಲ್ಲಿ ನನ್ನ ಕೋರಿಕೆ ಇಷ್ಟೆ: ಒಂದೊಂದು ಆಟಕ್ಕೆ ಕನ್ನಡದಲ್ಲಿ ಒಂದೊಂದು ಪುಟ ಬರೆಯಿರಿ. ಯಾವ ಯಂತ್ರದಲ್ಲಿ ಆಡಿದಿರಿ, ಗುಟ್ಟು ಯಾರು ಹೇಳಿಕೊಟ್ಟರು, ಎಲ್ಲಿ ಪದೇ ಪದೇ ಸತ್ತಿರಿ, ಈಗ ಆಡಿದರೆ ಆಟ ಹೇಗಿದೆ. ನಕ್ಷತ್ರ ಬೇಡ, ಕಾರಣ ಕೊಡಿ. ಯುಎಸ್‌ಬಿಗೆ ಸಿಕ್ಕಿಸುವ ಫ್ಲಾಪಿ ಡ್ರೈವು ಈಗಲೂ ಸಿಗುತ್ತದೆ. ಜೂನ್ ಬರುವ ಮೊದಲೇ ಒಂದನ್ನು ತರಿಸಿಕೊಳ್ಳಿ.